ಹಳೇ ಡೆಸ್ಕ್‌ಟಾಪ್‌ಗೆ ನಾನು ಹಾಕಿದ್ದು, ಹಾಕದೆ ಬಿಟ್ಟಿದ್ದು

ಬಟನ್ ಒತ್ತಿ, ಹೋಗಿ ಮುಖ ತೊಳೆದು ಬಂದರೂ ಸ್ಕ್ರೀನ್ ಮೇಲೆ ಚುಕ್ಕೆಗಳು ಇನ್ನೂ ಸುತ್ತುತ್ತಲೇ ಇರುತ್ತಿದ್ದವು. ಆಮೇಲೆ ಬ್ರೌಸರ್ ತೆರೆಯಲು ಇನ್ನೊಂದು ನಿಮಿಷ. ಅಷ್ಟು ಹೊತ್ತೂ ಒಳಗಿನಿಂದ ಹಾರ್ಡ್ ಡಿಸ್ಕ್ ಕರಕರ ಸದ್ದು. ಹೊಸ ಕಂಪ್ಯೂಟರ್ ಕೊಳ್ಳುವಷ್ಟು ದುಡ್ಡು ನನ್ನ ಹತ್ತಿರ ಇರಲಿಲ್ಲ. ಇದ್ದದ್ದರಲ್ಲೇ ಇದನ್ನು ಎಬ್ಬಿಸಿ ನಿಲ್ಲಿಸಬೇಕಿತ್ತು.

ಡಬ್ಬದೊಳಗೆ ಇದ್ದದ್ದು ಇಷ್ಟು: ಇಂಟೆಲ್‌ನ ಐ3-2120 ಪ್ರೊಸೆಸರ್, ಎಚ್61 ಚಿಪ್‌ಸೆಟ್‌ನ ಮದರ್‌ಬೋರ್ಡ್, 4 ಜಿಬಿ ಡಿಡಿಆರ್3 ರ‍್ಯಾಮ್, 500 ಜಿಬಿ ಹಾರ್ಡ್ ಡಿಸ್ಕ್, ವಿಂಡೋಸ್ 10. ಪ್ರೊಸೆಸರ್ 2011ರದ್ದು. ತಪ್ಪೆಲ್ಲ ಅದರದ್ದೇ ಅಂತ ನಾನು ಮೊದಲೇ ತೀರ್ಪು ಕೊಟ್ಟುಬಿಟ್ಟಿದ್ದೆ. ಬೇರೆ ಪ್ರೊಸೆಸರ್‌ಗೆ ಇನ್ನೇನು ದುಡ್ಡು ಕೊಡಬೇಕು ಅನ್ನುವಷ್ಟರಲ್ಲಿ ಸುಮ್ನೆ ಒಂದು ಸಲ ನೋಡೋಣ ಅಂತ ಟಾಸ್ಕ್ ಮ್ಯಾನೇಜರ್ ತೆರೆದಿಟ್ಟುಕೊಂಡು ದಿನದ ಕೆಲಸ ಮಾಡಿದೆ. ಪ್ರೊಸೆಸರ್ ಹತ್ತು–ಹದಿನೈದು ಪರ್ಸೆಂಟ್‌ನಲ್ಲಿ ಆರಾಮವಾಗಿ ಕೂತಿತ್ತು. ಡಿಸ್ಕ್ ಮಾತ್ರ ನೂರಕ್ಕೆ ನೂರು, ಕೆಳಗೆ ಇಳಿಯುತ್ತಲೇ ಇಲ್ಲ. ರ‍್ಯಾಮ್ ಕೂಡ ಹೆಚ್ಚುಕಮ್ಮಿ ತುಂಬಿಹೋಗಿತ್ತು. ರ‍್ಯಾಮ್ ತುಂಬಿದಾಗ ವಿಂಡೋಸ್ ಮಿಕ್ಕಿದ್ದನ್ನು ಡಿಸ್ಕ್ ಮೇಲೆ ಬರೆದಿಡುತ್ತದೆ. ಮೊದಲೇ ಏದುಸಿರು ಬಿಡುತ್ತಿದ್ದ ಡಿಸ್ಕ್‌ಗೆ ಅದೊಂದು ಹೊರೆ ಬೇರೆ.

ಹಾರ್ಡ್ ಡಿಸ್ಕ್ ಯಾಕೆ ಅಷ್ಟು ನಿಧಾನ ಅನ್ನುವುದಕ್ಕೆ ಒಂದು ಚಿಕ್ಕ ಲೆಕ್ಕ ಸಾಕು. ನಿಮಿಷಕ್ಕೆ 7200 ಸುತ್ತು ತಿರುಗುವ ಡಿಸ್ಕ್‌ಗೆ ಒಂದು ಸುತ್ತಿಗೆ ಸುಮಾರು 8.3 ಮಿಲಿಸೆಕೆಂಡ್ ಬೇಕು. ಬೇಕಾದ ಜಾಗ ಓದುವ ಮುಳ್ಳಿನ ಕೆಳಗೆ ಬರಲು ಸರಾಸರಿ ಅರ್ಧ ಸುತ್ತು ಕಾಯಬೇಕು. ಅದಕ್ಕೂ ಮುಂಚೆ ಮುಳ್ಳು ಆ ಸಾಲಿಗೆ ಸರಿಯಬೇಕು. ಎಲ್ಲ ಸೇರಿ ಒಂದೊಂದು ಚೂರು ಹುಡುಕಲು ಹತ್ತು ಮಿಲಿಸೆಕೆಂಡ್‌ಗೂ ಜಾಸ್ತಿ ಹಿಡಿಯುತ್ತದೆ. ಅಂದರೆ ಸೆಕೆಂಡಿಗೆ ನೂರು ಚೂರೂ ಸಿಗುವುದಿಲ್ಲ. ವಿಂಡೋಸ್ ಶುರುವಾಗುವಾಗ ಓದುವುದು ಸಾವಿರಾರು ಚೂರುಗಳನ್ನು. ಹಾರ್ಡ್ ಡಿಸ್ಕ್ ಬದಲು ಹಾಕುವ, ಎಲ್ಲವನ್ನೂ ಚಿಪ್‌ಗಳಲ್ಲೇ ಇಡುವ ಎಸ್‌ಎಸ್‌ಡಿಯಲ್ಲಿ ತಿರುಗುವ ತಟ್ಟೆಯೂ ಇಲ್ಲ, ಸರಿಯುವ ಮುಳ್ಳೂ ಇಲ್ಲ. ಸೆಕೆಂಡಿಗೆ ಸಾವಿರಾರು ಚೂರು ಆರಾಮವಾಗಿ ಎತ್ತಿ ಕೊಡುತ್ತದೆ.

ಹಾಗಾಗಿ ನನ್ನ ದುಡ್ಡಿನಲ್ಲಿ ಅರ್ಧಕ್ಕಿಂತ ಜಾಸ್ತಿ ಹೋಗಿದ್ದು 240 ಜಿಬಿಯ ಒಂದು ಹೊಸ ಎಸ್‌ಎಸ್‌ಡಿಗೆ. ಇದೊಂದನ್ನು ಸೆಕೆಂಡ್ ಹ್ಯಾಂಡ್ ತೆಗೆದುಕೊಳ್ಳುವ ಧೈರ್ಯ ಬರಲಿಲ್ಲ. ಎಚ್61 ಬೋರ್ಡ್‌ನಲ್ಲಿ ಡಿಸ್ಕ್ ಜೋಡಿಸುವ ಸಾಟಾ ಪೋರ್ಟ್‌ಗಳ ವೇಗ ಸೆಕೆಂಡಿಗೆ 3 ಗಿಗಾಬಿಟ್ ಮಾತ್ರ. ಎಸ್‌ಎಸ್‌ಡಿಗೆ 6 ಗಿಗಾಬಿಟ್ ಓಡುವ ತಾಕತ್ತಿರುತ್ತದೆ. ಅರ್ಧ ವೇಗಕ್ಕೆ ದುಡ್ಡು ದಂಡ ಅಂತ ಒಬ್ಬ ಗೆಳೆಯ ಹೆದರಿಸಿದ. ದೊಡ್ಡ ಫೈಲ್ ಕಾಪಿ ಮಾಡುವಾಗ ಅವನ ಮಾತು ನಿಜ. ಆದರೆ ದಿನನಿತ್ಯದ ಕೆಲಸವೆಲ್ಲ ಚೂರುಪಾರು ಓದುವುದೇ, ಅಲ್ಲಿ ಪೋರ್ಟ್ ಅಡ್ಡ ಬರುವುದಿಲ್ಲ. ಅವನ ಮಾತು ಕೇಳದಿದ್ದದ್ದೇ ಒಳ್ಳೇದಾಯಿತು.

ಹಾಕುವ ಮೊದಲು ಎರಡು ಕೆಲಸ ಮಾಡಿದೆ. ಹಳೇ ಡಿಸ್ಕ್‌ನ ಆರೋಗ್ಯ ನೋಡಿದರೆ ಕೆಟ್ಟ ಸೆಕ್ಟರ್‌ಗಳ ಎಣಿಕೆ ಸೊನ್ನೆ ಇರಲಿಲ್ಲ. ಫೋಟೋಗಳನ್ನೆಲ್ಲ ಅವತ್ತು ರಾತ್ರಿಯೇ ಹೊರಗಿನ ಡಿಸ್ಕ್‌ಗೆ ಇಳಿಸಿದೆ. ಆಮೇಲೆ ಬಯೋಸ್ ಬ್ಯಾಟರಿ, ಅಂದರೆ ಕಂಪ್ಯೂಟರ್ ಆರಿಸಿದಾಗಲೂ ಬೋರ್ಡ್‌ನ ಗಡಿಯಾರ ಮತ್ತು ಶುರುವಿನ ಸೆಟ್ಟಿಂಗ್‌ಗಳನ್ನು ಉಳಿಸುವ ಬ್ಯಾಟರಿ. ಆನ್ ಮಾಡಿದಾಗಲೆಲ್ಲ ತಾರೀಖು ಹಿಂದಕ್ಕೆ ಹೋಗಿ, ಬ್ರೌಸರ್ ಯಾವ ಸೈಟನ್ನೂ ನಂಬುತ್ತಿರಲಿಲ್ಲ. ಸಿಆರ್2032 ಅನ್ನುವ ನಾಣ್ಯದಂಥ ಬ್ಯಾಟರಿ ಬದಲಿಸಿದ್ದೇ ತಡ, ಆ ಕಾಟ ಹೋಯಿತು. ಬ್ಯಾಟರಿ ತೆಗೆದರೆ ಬಯೋಸ್‌ನ ಸೆಟ್ಟಿಂಗ್‌ಗಳೂ ಅಳಿಸಿಹೋಗಬಹುದು. ನನ್ನದರಲ್ಲಿ ಸಾಟಾ ಮೋಡ್, ಅಂದರೆ ಬೋರ್ಡ್ ಡಿಸ್ಕ್ ಜೊತೆ ಮಾತಾಡುವ ರೀತಿ, ಹಳೇ ಕಾಲದ ಐಡಿಇಗೆ ಮರಳಿತ್ತು. ಅದನ್ನು ಹೊಸ ರೀತಿಯ ಎಎಚ್‌ಸಿಐ ಮಾಡಿ, ಆಮೇಲೆ ಎಸ್‌ಎಸ್‌ಡಿ ಮೇಲೆ ಸಿಸ್ಟಮ್ ಹಾಕಿದೆ. ವಿಂಡೋಸ್ ಹಾಕಿದ ಮೇಲೆ ಆ ಮೋಡ್ ಬದಲಿಸಲು ಹೋದರೆ ನೀಲಿ ಸ್ಕ್ರೀನ್ ಬರುವ ಸಾಧ್ಯತೆ ಇದೆ, ಅದಕ್ಕೇ ಈ ಕ್ರಮ.

ರ‍್ಯಾಮ್ ವಿಷಯದಲ್ಲಿ ಮಾತ್ರ ಅಗ್ಗ ಅಂತ ಮುಗ್ಗಲು ಜೋಳ ಕೊಂಡ ಹಾಗಾಯಿತು. 8 ಜಿಬಿಯ ಹೊಸ ಡಿಡಿಆರ್3 ಕಡ್ಡಿ, ಬೇರೆಯವರು ಹೇಳುವುದರ ಅರ್ಧ ಬೆಲೆಗೆ. ತಂದು ಹಾಕಿದೆ. ಫ್ಯಾನ್ ತಿರುಗಿತು, ಸ್ಕ್ರೀನ್ ಕಪ್ಪು. ಬೀಪ್, ಬೀಪ್, ಬೀಪ್. ತೆಗೆದು ಮತ್ತೆ ಹಾಕಿದೆ, ಸ್ಲಾಟ್ ಬದಲಿಸಿದೆ, ಅದೇ ರಾಗ. ಕೊನೆಗೆ ಪ್ಯಾಕೆಟ್ ತಿರುಗಿಸಿ ನೋಡಿದರೆ ಇರುವೆ ಗಾತ್ರದ ಅಕ್ಷರದಲ್ಲಿ ಎಎಂಡಿ ಬೋರ್ಡ್‌ಗಳಿಗೆ ಮಾತ್ರ ಅಂತ ಬರೆದಿತ್ತು. ಈ ಕಡ್ಡಿಗಳ ಚಿಪ್ ಜೋಡಣೆಯೇ ಬೇರೆ. ಅಂಥ ಜೋಡಣೆಯನ್ನು ಇಂಟೆಲ್‌ನ ಆ ಕಾಲದ ಡೆಸ್ಕ್‌ಟಾಪ್ ಪ್ರೊಸೆಸರ್‌ಗಳು ಓದುವುದಿಲ್ಲ. ಮಾರಿದವರು ವಾಪಸ್ ತೆಗೆದುಕೊಳ್ಳಲು ಒಪ್ಪುವಷ್ಟರಲ್ಲಿ ನನಗೆ ಸಾಕುಸಾಕಾಯಿತು.

ಆಮೇಲೆ ಬಳಸಿ ಬಿಟ್ಟಿದ್ದ 4 ಜಿಬಿ ಕಡ್ಡಿ ಒಂದು ಸಿಕ್ಕಿತು. ಇದೂ ಬೀಪ್ ಅಂದಾಗ ಜೀವ ಬಾಯಿಗೆ ಬಂತು. ಬೆಳಕಿಗೆ ಹಿಡಿದು ನೋಡಿದೆ. ಅಂಚಿನ ಚಿನ್ನದ ಬಣ್ಣದ ಪಟ್ಟಿಗಳ ಮೇಲೆ ಮಸಿ ಹಿಡಿದ ಹಾಗೆ ಮಬ್ಬು. ಸ್ಕೂಲ್ ಮಕ್ಕಳ ಬಿಳಿ ರಬ್ಬರ್ ತಗೊಂಡು ಎರಡೂ ಕಡೆ ಮೆಲ್ಲಗೆ ಉಜ್ಜಿ, ಪುಡಿ ಊದಿ, ಬ್ರಷ್‌ನಿಂದ ಸ್ಲಾಟ್ ಒರೆಸಿ, ಎರಡೂ ತುದಿ ಟಕ್ ಅನ್ನುವ ತನಕ ಒತ್ತಿದೆ. ಒಂದೇ ಬೀಪ್, ಆಮೇಲೆ ಸ್ಕ್ರೀನ್ ಮೇಲೆ 8 ಜಿಬಿ! ಕಡ್ಡಿಯ ಮೇಲೆ ವೇಗ 1600 ಅಂತಿತ್ತು, ಓಡಿದ್ದು 1333ರಲ್ಲಿ. ಈ ಪ್ರೊಸೆಸರ್‌ಗೆ ಅದೇ ಮಿತಿ, ಪರವಾಗಿಲ್ಲ. ಎರಡು ಕಡ್ಡಿ ಜೋಡಿಯಾಗಿ ಕೆಲಸ ಮಾಡುವುದು ಇದರ ಲಾಭ. ರಾತ್ರಿಯಿಡೀ ಕಡ್ಡಿಗಳನ್ನು ಪರೀಕ್ಷಿಸುವ ಮೆಮ್‌ಟೆಸ್ಟ್ ಓಡಿಸಿಟ್ಟೆ. ಬೆಳಿಗ್ಗೆ ಒಂದು ತಪ್ಪೂ ಇರಲಿಲ್ಲ.

ಸಾಫ್ಟ್‌ವೇರ್ ವಿಷಯ ಬೇಗ ಮುಗಿಸುತ್ತೇನೆ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11ಕ್ಕೆ ಟಿಪಿಎಂ 2.0 ಅನ್ನುವ ಭದ್ರತಾ ವ್ಯವಸ್ಥೆ ಬೇಕು, ಇಂಟೆಲ್ ಆದರೆ ಎಂಟನೇ ಪೀಳಿಗೆಯಿಂದ ಈಚೆಯದು ಬೇಕು. ನನ್ನದು ಎರಡನೆಯದು. ಬೈಪಾಸ್ ದಾರಿಗಳಿವೆ, ಆದರೆ ಪ್ರತಿ ಅಪ್‌ಡೇಟ್‌ಗೂ ಎದೆ ಹಿಡಿದುಕೊಂಡು ಕೂರಬೇಕು ಅಂತ ಅತ್ತ ಹೋಗಲಿಲ್ಲ. ವಿಂಡೋಸ್ ಬದಲು ಲಿನಕ್ಸ್ ಮಿಂಟ್ ಅನ್ನುವ ಉಚಿತ ಸಿಸ್ಟಮ್‌ನ ಹಗುರ ಆವೃತ್ತಿ ಎಕ್ಸ್‌ಎಫ್‌ಸಿಇ ಹಾಕಿದೆ. ಮೊದಲು ಪೆನ್ ಡ್ರೈವ್‌ನಿಂದಲೇ ಓಡಿಸಿ ಪ್ರಿಂಟರ್, ಸೌಂಡ್, ಇಂಟರ್ನೆಟ್ ಎಲ್ಲ ಸರಿಯಿದೆ ಅಂತ ಖಾತ್ರಿ ಮಾಡಿಕೊಂಡೆ. ಈಗ ಬಟನ್ ಒತ್ತಿ ಕುರ್ಚಿ ಎಳೆದುಕೊಳ್ಳುವಷ್ಟರಲ್ಲಿ ಲಾಗಿನ್ ಬಂದಿರುತ್ತದೆ.

ಇಲ್ಲಿಗೇ ನಿಲ್ಲಿಸಬಹುದಿತ್ತು, ಅಲ್ವಾ? ಕೈ ಸುಮ್ಮನಿರಲಿಲ್ಲ. ಕೆಲವು ತಿಂಗಳ ಮೇಲೆ ಬಳಸಿದ ಐ5-2400 ಸಸ್ತಾಕ್ಕೆ ಸಿಕ್ಕಿತು. ಇದರ ಮುಂದಿನ ಪೀಳಿಗೆಯ ಐವಿ ಬ್ರಿಡ್ಜ್ ಚಿಪ್ ಆಗಿದ್ದರೆ ನನ್ನ ಬೋರ್ಡ್‌ಗೆ ಮೊದಲು ಬಯೋಸ್ ಅಪ್‌ಡೇಟ್ ಮಾಡಬೇಕಿತ್ತು, ಇದು ಹಳೆಯದರ ಪೀಳಿಗೆಯದೇ ಆದ್ದರಿಂದ ನೇರವಾಗಿ ಕೂರುತ್ತದೆ. ಎರಡು ಕೋರ್ ಹೋಗಿ ನಾಲ್ಕು ಬಂತು. ಜೊತೆಗೆ ಶಾಖವೂ ಬಂತು: ಹಳೆಯದು 65 ವ್ಯಾಟ್, ಇದು 95.

ಪ್ರೊಸೆಸರ್‌ನ ಶಾಖವನ್ನು ಕೂಲರ್‌ಗೆ ದಾಟಿಸುವ ಹಳೇ ಪೇಸ್ಟ್ ಒಣಗಿ ಸುಣ್ಣದಂತಾಗಿತ್ತು. ಸ್ಪಿರಿಟ್ ಹಾಕಿ ಒರೆಸಿ, ಹೊಸ ಪೇಸ್ಟ್ ಕಡಲೆಕಾಳಿಗಿಂತ ಚಿಕ್ಕದಾಗಿ ನಡುವೆ ಇಟ್ಟು, ಕೂಲರ್ ಕೂರಿಸಿದೆ. ಆನ್ ಮಾಡಿ ಒಂದು ವಿಡಿಯೋ ಎಕ್ಸ್‌ಪೋರ್ಟ್‌ಗೆ ಹಾಕಿದೆ. ಎರಡೇ ನಿಮಿಷದಲ್ಲಿ ಶಾಖ 90 ಡಿಗ್ರಿ ದಾಟಿ, ಪ್ರೊಸೆಸರ್ ತಾನಾಗಿಯೇ ವೇಗ ಇಳಿಸಿಕೊಂಡಿತು. ಚಿಪ್ಪೇ ಕೆಟ್ಟದ್ದು ಅಂದುಕೊಂಡು ಮಾರಿದವನನ್ನು ಮನಸ್ಸಿನಲ್ಲೇ ಬೈದೆ. ಕೂಲರ್ ಅನ್ನು ಬೆರಳಲ್ಲಿ ಅಲ್ಲಾಡಿಸಿದರೆ ಒಂದು ಮೂಲೆ ಕುಲುಕುಲು ಅಂದಿತು. ಇಂಟೆಲ್ ಕೂಲರ್‌ನ ನಾಲ್ಕು ಪ್ಲಾಸ್ಟಿಕ್ ಗೂಟಗಳಲ್ಲಿ ಒಂದು ಪೂರ್ತಿ ಇಳಿದಿರಲಿಲ್ಲ. ಬೋರ್ಡ್ ಬಿಚ್ಚಿ ಹಿಂದೆ ನೋಡಿದೆ. ಸರಿಯಾಗಿ ಕೂತ ಮೂರು ಕಡೆ ಬಿಳಿ ಕಾಲುಗಳ ನಡುವೆ ಕಪ್ಪು ತುದಿ ಇಣುಕುತ್ತಿತ್ತು, ನಾಲ್ಕನೆಯದರಲ್ಲಿ ಇಲ್ಲ. ಹಳೇ ಪೇಸ್ಟ್ ಮತ್ತೆ ಒರೆಸಿ, ಹೊಸದು ಹಚ್ಚಿ, ಈ ಸಲ ಎದುರುಬದುರು ಮೂಲೆಗಳನ್ನು ಜೊತೆಜೊತೆಯಾಗಿ ಒತ್ತಿದೆ. ಶಾಖ 70ರ ಆಸುಪಾಸಿಗೆ ಬಂದು ನಿಂತಿತು. ಬೈದದ್ದಕ್ಕೆ ಮನಸ್ಸಿನಲ್ಲೇ ಕ್ಷಮೆಯನ್ನೂ ಕೇಳಿದೆ.

ನಿಜ ಹೇಳಬೇಕಂದರೆ ಈ ಪ್ರೊಸೆಸರ್‌ನ ಲಾಭ ಕಾಣುವುದು ವಿಡಿಯೋ ಕೆಲಸದಲ್ಲಿ ಮಾತ್ರ. ಬ್ರೌಸರ್, ಟೈಪಿಂಗ್‌ನಲ್ಲಿ ಮನೆಯವರಿಗೆ ಬದಲಾಗಿದ್ದೇ ಗೊತ್ತಾಗಲಿಲ್ಲ. ಗ್ರಾಫಿಕ್ಸ್ ಕಾರ್ಡ್ ಆಸೆಯೂ ಇತ್ತು. ಪವರ್ ಸಪ್ಲೈ ಪಕ್ಕದ ಸ್ಟಿಕ್ಕರ್‌ನಲ್ಲಿ 12 ವೋಲ್ಟ್ ಸಾಲು ಓದಿ ಆ ಆಸೆ ಬಿಟ್ಟೆ. ದೊಡ್ಡ ಕಾರ್ಡ್ ಹಾಕಿದರೆ ಸಪ್ಲೈ ಕೂಡ ಬದಲಿಸಬೇಕು, ಅಷ್ಟು ಹೊತ್ತಿಗೆ ನನ್ನ ಲೆಕ್ಕ ಹೊಸ ಕಂಪ್ಯೂಟರ್ ಕಡೆಗೆ ವಾಲುತ್ತದೆ.

ಈ ಬೋರ್ಡ್ 16 ಜಿಬಿವರೆಗೆ ರ‍್ಯಾಮ್ ತಗೊಳ್ಳುತ್ತದೆ, ಆದರೂ ಇನ್ನು ಹಾಕುವುದಿಲ್ಲ. ಡಿಡಿಆರ್3 ಈಗಿನ ಹೊಸ ಬೋರ್ಡ್‌ಗಳಿಗೆ ಕೂರುವುದಿಲ್ಲ, ಐ5 ಕೂಡ ಈ ಸಾಕೆಟ್‌ನ ಜೊತೆಗೇ ಹೋಗುವಂಥದ್ದು. ಎಸ್‌ಎಸ್‌ಡಿಯನ್ನು ಮಾತ್ರ ಎರಡು ಕೇಬಲ್ ಕಿತ್ತು ಇನ್ನೊಂದಕ್ಕೆ ಚುಚ್ಚಬಹುದು. ಹಳೇ ಹಾರ್ಡ್ ಡಿಸ್ಕ್ ಇನ್ನೂ ಒಳಗೇ ಇದೆ, ಹೋದರೂ ಬೇಜಾರಾಗದ ಫೈಲ್‌ಗಳಿಗೆ ಅಂತ. ಯಾವಾಗಲಾದರೂ ಅದನ್ನು ತೆರೆದರೆ ಮತ್ತೆ ಅದೇ ಕರಕರ.