ಸೆಲ್ಫ್ ಹೊಡೆಯುತ್ತೆ, ಗಾಡಿ ಸ್ಟಾರ್ಟ್ ಆಗಲ್ಲ: ನಾನು ಮೂರು ವಾರ ನೋಡದ ಮುಳ್ಳು

ಮೊದಲ ಸಲ ಹೀಗಾದಾಗ ಎಂಜಿನ್ ಚೆನ್ನಾಗಿ ಬಿಸಿಯಾಗಿತ್ತು. ಒಂದು ಗಂಟೆ ಓಡಿಸಿ, ಹತ್ತು ನಿಮಿಷ ನಿಲ್ಲಿಸಿ, ಮತ್ತೆ ಕೀ ತಿರುಗಿಸಿದೆ. ಸೆಲ್ಫ್ ಹೊಡೆಯಿತು, ಹೊಡೆಯುತ್ತಲೇ ಇತ್ತು, ಎಂಜಿನ್ ಮಾತ್ರ ಹಿಡಿಯಲಿಲ್ಲ. ಅರ್ಧ ಗಂಟೆ ಬಿಟ್ಟು ನೋಡಿದರೆ ಏನೂ ಆಗಿಯೇ ಇಲ್ಲವೆಂಬಂತೆ ಒಂದೇ ಏಟಿಗೆ ಸ್ಟಾರ್ಟ್. ಇಂಥ ತೊಂದರೆ ದೊಡ್ಡ ತಲೆನೋವು. ಪೂರ್ತಿ ಕೆಟ್ಟು ನಿಂತ ಗಾಡಿಯನ್ನು ಪರೀಕ್ಷಿಸಬಹುದು, ಆಗಾಗ ಮುನಿಸಿಕೊಳ್ಳುವ ಗಾಡಿಯನ್ನು ಹಿಡಿಯುವುದು ಹೇಗೆ?

ನಾನು ವೃತ್ತಿಯಿಂದ ಮೆಕ್ಯಾನಿಕ್ ಅಲ್ಲ. ಒಂದು ಮಲ್ಟಿಮೀಟರ್, ಒಂದು ಪೆಟ್ಟಿಗೆ ಸ್ಪ್ಯಾನರ್, ಬಿಡುವಿನ ಭಾನುವಾರಗಳು, ಇಷ್ಟೇ ನನ್ನ ಬಂಡವಾಳ. ಗಾಡಿ ಹಳೆಯದು, ಪೆಟ್ರೋಲ್, ಫ್ಯುಯೆಲ್ ಇಂಜೆಕ್ಷನ್ ಇರುವಂಥದ್ದು. ಡೀಸೆಲ್ ಗಾಡಿಯಲ್ಲಿ ಸ್ಪಾರ್ಕ್ ಪ್ಲಗ್ಗೇ ಇಲ್ಲ, ಆ ಕಥೆ ಬೇರೆ.

ಬ್ಯಾಟರಿಯನ್ನು ಮೊದಲ ದಿನವೇ ನೋಡಿದೆ. ಸುಮ್ಮನಿದ್ದಾಗ 12.5 ವೋಲ್ಟ್, ಸೆಲ್ಫ್ ಹೊಡೆಯುವಾಗ 10.4. 9.6ಕ್ಕಿಂತ ಕೆಳಗಿಳಿದರೆ ಬ್ಯಾಟರಿಯ ಮೇಲೆ ಅನುಮಾನ ಪಡಬೇಕು, ಏಕೆಂದರೆ ಸ್ಟಾರ್ಟರ್ ತಿರುಗಿದರೂ ಇಸಿಯುಗೆ (ಎಂಜಿನ್ ನಡೆಸುವ ಕಂಪ್ಯೂಟರ್) ಬೇಕಾದಷ್ಟು ವೋಲ್ಟೇಜ್ ಸಿಗದೆ ಹೋಗಬಹುದು. ನನ್ನದಕ್ಕೆ ಆ ತೊಂದರೆ ಇರಲಿಲ್ಲ. ವಾಲ್ವ್‌ಗಳನ್ನು ಪಿಸ್ಟನ್ ಚಲನೆಗೆ ಹೊಂದಿಸಿ ಓಡಿಸುವ ಟೈಮಿಂಗ್ ಬೆಲ್ಟ್ ಕೂಡ ಮನಸ್ಸಿಗೆ ಬಂತು. ಆದರೆ ಬೆಲ್ಟ್ ತುಂಡಾದರೆ ಸೆಲ್ಫ್ ಸದ್ದೇ ಬದಲಾಗುತ್ತದೆ: ಏರಿಳಿತವಿಲ್ಲದೆ, ಹಗುರವಾಗಿ, ಭರ್ರೆಂದು ತಿರುಗುತ್ತದೆ. ಹಾಗೆ ಕೇಳಿಸಿದರೆ ಮತ್ತೆ ಕೀ ತಿರುಗಿಸಲೇಬೇಡಿ, ಹಲವು ಎಂಜಿನ್‌ಗಳಲ್ಲಿ ವಾಲ್ವ್ ಪಿಸ್ಟನ್‌ಗೆ ಬಡಿಯುತ್ತದೆ. ಹೇಗೂ ತುಂಡಾದ ಬೆಲ್ಟ್ ಅರ್ಧ ಗಂಟೆಯಲ್ಲಿ ತಾನಾಗಿ ಕೂಡಿಕೊಳ್ಳುವುದಿಲ್ಲವಲ್ಲ.

ಎರಡನೇ ಸಲ ನಿಂತಾಗ ಒಂದು ಪ್ಲಗ್ ಬಿಚ್ಚಿ ನೋಡಿದೆ. ಅಷ್ಟು ಹೊತ್ತು ಸೆಲ್ಫ್ ಹೊಡೆದ ಮೇಲೂ ತುದಿ ಒಣಗಿತ್ತು, ಪೆಟ್ರೋಲ್ ವಾಸನೆಯೂ ಇಲ್ಲ. ಸ್ಪಾರ್ಕ್ ಇಲ್ಲದೆ ಪೆಟ್ರೋಲ್ ಮಾತ್ರ ಬರುತ್ತಿದ್ದರೆ ಪ್ಲಗ್ ಒದ್ದೆಯಾಗಿರಬೇಕಿತ್ತು. ಹಾಗಾದರೆ ಪೆಟ್ರೋಲ್ ಬರುತ್ತಿಲ್ಲ, ಪಂಪ್ ಬಿಸಿಯಾದಾಗ ಕೈಕೊಡುತ್ತಿದೆ ಎಂದು ತೀರ್ಮಾನಿಸಿಬಿಟ್ಟೆ. ಮೊದಲರ್ಧ ಸರಿ, ಎರಡನೆಯ ಅರ್ಧ ಪೂರ್ತಿ ತಪ್ಪು. ಕೀ ಆನ್ ಮಾಡಿದಾಗ ಹಿಂದಿನ ಸೀಟಿನ ಕೆಳಗಿನಿಂದ ಎರಡು ಸೆಕೆಂಡ್ ಗುಂಯ್ ಎನ್ನುವ ಪಂಪಿನ ಸದ್ದು ಕೇಳಿಸುತ್ತಲೇ ಇತ್ತು. ಆದರೂ ‘ಸದ್ದು ಬಂದ ಮಾತ್ರಕ್ಕೆ ಒತ್ತಡ ಇರಬೇಕೆಂದಿಲ್ಲ’ ಎಂದು ನನಗೆ ನಾನೇ ವಾದ ಹೂಡಿ, ಪಂಪಿಗೆ ಕರೆಂಟ್ ಹರಿಸುವ ಸ್ವಿಚ್ಚಾದ ರಿಲೇಯನ್ನು ತೆಗೆದು, ಅದೇ ನಂಬರಿನ ಹಾರ್ನ್ ರಿಲೇಯನ್ನು ಅದರ ಜಾಗಕ್ಕೆ ಹಾಕಿದೆ. ಆಮೇಲೆ ಫಿಲ್ಟರ್ ಬದಲಿಸಿದೆ. ಕೈ ಸುಮ್ಮನಿರದೆ ಪ್ಲಗ್‌ಗಳನ್ನೂ ಬದಲಿಸಿದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತೆ.

ಹೊಸ ಪಂಪ್ ಕೊಳ್ಳುವ ಮೊದಲು ಗೆಳೆಯನೊಬ್ಬನಿಂದ ಪ್ರೆಷರ್ ಗೇಜ್ ತಂದದ್ದು ನನ್ನನ್ನು ಉಳಿಸಿತು. ಬೇಕೆಂದೇ ಗಾಡಿಯನ್ನು ಬಿಸಿ ಮಾಡಿ, ಅದು ಮುನಿಸಿಕೊಂಡ ಕೂಡಲೇ ಗೇಜ್ ನೋಡಿದೆ: 3.5 ಬಾರ್. ಮ್ಯಾನುಯಲ್ ಕೇಳುವುದೂ ಅಷ್ಟನ್ನೇ. ಅಂದರೆ ಪೆಟ್ರೋಲ್, ಅದನ್ನು ಎಂಜಿನ್ನಿಗೆ ಚಿಮ್ಮಿಸುವ ಇಂಜೆಕ್ಟರ್‌ನ ಬಾಗಿಲವರೆಗೆ ಬಂದು ನಿಂತಿದೆ, ಬಾಗಿಲು ತೆರೆಯುತ್ತಿಲ್ಲ. ತಕ್ಷಣ ಸ್ಪಾರ್ಕ್ ಟೆಸ್ಟರ್ ಸಿಕ್ಕಿಸಿದೆ. ಕಿಡಿಯೂ ಇಲ್ಲ. (ಪ್ಲಗ್ಗನ್ನು ಕೈಯಲ್ಲಿ ಹಿಡಿದು ಕಿಡಿ ನೋಡುವ ಹಳೆಯ ಸಾಹಸ ಬೇಡ. ಇಗ್ನಿಷನ್ ಕಾಯಿಲ್ ಕೊಡುವುದು ಹತ್ತಾರು ಸಾವಿರ ವೋಲ್ಟ್. ಗೇಜ್ ಬಿಚ್ಚುವಾಗ ಪೆಟ್ರೋಲ್ ಚೆಲ್ಲಿದ್ದರೆ ಅದು ಒರೆಸಿ ಆರುವ ತನಕ ಕಿಡಿಯ ತಂಟೆಗೂ ಹೋಗಬೇಡಿ.)

ಅಲ್ಲಿಂದಾಚೆಗೆ ಯೋಚನೆಯ ದಿಕ್ಕೇ ಬದಲಾಯಿತು. ಕಿಡಿ ಇಲ್ಲ, ಇಂಜೆಕ್ಟರ್ ತೆರೆಯುತ್ತಿಲ್ಲ. ಎರಡೂ ಒಂದೇ ಕ್ಷಣಕ್ಕೆ ಕೆಟ್ಟು, ಒಂದೇ ಕ್ಷಣಕ್ಕೆ ಸರಿಹೋಗುತ್ತಿವೆ ಎಂದು ನಂಬುವುದು ಕಷ್ಟ. ಇವೆರಡಕ್ಕೂ ಅಪ್ಪಣೆ ಕೊಡುವುದು ಇಸಿಯು. ಅದು ಎರಡಕ್ಕೂ ಅಪ್ಪಣೆ ತಡೆಹಿಡಿಯಲು ಸಾಮಾನ್ಯ ಕಾರಣಗಳು ಎರಡು: ಕಳ್ಳತನ ತಡೆಯುವ ಇಮ್ಮೊಬಿಲೈಸರ್ ಕೀಯನ್ನು ಗುರುತಿಸದಿರುವುದು, ಇಲ್ಲವೇ ಎಂಜಿನ್ ತಿರುಗುತ್ತಿದೆ ಎಂಬುದೇ ಅದಕ್ಕೆ ಗೊತ್ತಾಗದಿರುವುದು. ಇಮ್ಮೊಬಿಲೈಸರ್ ದೀಪ ಎಂದಿನಂತೆ ಆರುತ್ತಿತ್ತು. ಉಳಿದದ್ದು, ಎಂಜಿನ್ ತಿರುಗುತ್ತಿದೆ ಎಂದು ಇಸಿಯುಗೆ ತಿಳಿಸುವ ಕ್ರ್ಯಾಂಕ್ ಸೆನ್ಸರ್.

ಆಗ ಡ್ಯಾಶ್‌ಬೋರ್ಡ್ ನೋಡಿದೆ, ಮೂರು ವಾರದಲ್ಲಿ ಮೊದಲ ಸಲ ನಿಜವಾಗಿ ನೋಡಿದೆ. ಸೆಲ್ಫ್ ಹೊಡೆಯುತ್ತಿದ್ದರೂ ಆರ್‌ಪಿಎಂ ಮುಳ್ಳು ಸೊನ್ನೆಯ ಮೇಲೆ ಅಂಟಿಕೊಂಡಿತ್ತು. ಮಾರನೆಯ ಬೆಳಿಗ್ಗೆ ತಣ್ಣಗಿದ್ದ ಎಂಜಿನ್ ಸ್ಟಾರ್ಟ್ ಮಾಡುವಾಗ ಫೋನಿನಲ್ಲಿ ವಿಡಿಯೊ ಮಾಡಿದೆ: ಎಂಜಿನ್ ಹಿಡಿಯುವ ಮುನ್ನವೇ ಮುಳ್ಳು 200ರ ಆಸುಪಾಸಿನಲ್ಲಿ ನಡುಗಿತ್ತು. ಸರಿಯಾಗಿದ್ದಾಗಲೂ ಇದನ್ನು ತೋರಿಸದ ಗಾಡಿಗಳಿವೆ. ಆದ್ದರಿಂದ ನಿಮ್ಮ ಗಾಡಿ ಆರೋಗ್ಯವಾಗಿದ್ದಾಗ ಮುಳ್ಳು ಏನು ಮಾಡುತ್ತದೆಂದು ಇವತ್ತೇ ನೋಡಿಟ್ಟುಕೊಳ್ಳಿ. ಸ್ಕ್ಯಾನರ್ ಸಿಕ್ಕಿಸಿದರೂ ಅದೇ ಕಥೆ, ಆರ್‌ಪಿಎಂ ಸೊನ್ನೆ. ಕ್ರ್ಯಾಂಕ್ ಸೆನ್ಸರ್‌ಗೆ ಸಂಬಂಧಿಸಿದ ಪಿ0335 ಕೋಡ್ ಮಾತ್ರ ದಾಖಲಾಗಿರಲಿಲ್ಲ. ಕೋಡ್ ಇಲ್ಲವೆಂದರೆ ದೋಷ ಇಲ್ಲ ಎಂದು ನಂಬಿ ಕೂತಿದ್ದೂ ನಾನೇ.

ಸೆನ್ಸರ್ ಇರುವುದು ಎಂಜಿನ್ನೂ ಗೇರ್‌ಬಾಕ್ಸೂ ಸೇರುವ ಕಡೆ, ಫ್ಲೈವೀಲ್ ಪಕ್ಕದಲ್ಲಿ. ಗಾಡಿಯನ್ನು ಸ್ಟ್ಯಾಂಡ್ ಮೇಲೆ ಕೂರಿಸಿ (ಬರೀ ಜಾಕ್ ನಂಬಿ ಕೆಳಗೆ ನುಸುಳಬೇಡಿ), 10ನೇ ನಂಬರಿನ ಒಂದು ಬೋಲ್ಟ್ ಬಿಚ್ಚಿ ಹೊರತೆಗೆದೆ. ತುದಿಯ ಅಯಸ್ಕಾಂತಕ್ಕೆ ಕಬ್ಬಿಣದ ಪುಡಿ ಮೀಸೆಯಂತೆ ಹತ್ತಿಕೊಂಡಿತ್ತು. ಮೀಟರ್ ಹಿಡಿದು ವಿದ್ಯುತ್ ರೋಧ ಅಳೆದರೆ 870 ಓಮ್, ಮ್ಯಾನುಯಲ್ ಹೇಳುವ ಮಿತಿಯ ಒಳಗೇ. ಬಹುಶಃ ಇಲ್ಲಿಗೆ ಬಂದ ಅನೇಕರು ‘ಸೆನ್ಸರ್ ಸರಿಯಿದೆ’ ಎಂದು ಮತ್ತೆ ಜೋಡಿಸಿಬಿಡುತ್ತಾರೆ. ಆದರೆ ನನ್ನ ಗಾಡಿ ತಣ್ಣಗಿದ್ದಾಗ ಯಾವತ್ತು ಕೈಕೊಟ್ಟಿತ್ತು?

ಹೇರ್ ಡ್ರೈಯರ್ ತಂದೆ. ಮನೆಯವರು ಏನೂ ಕೇಳಲಿಲ್ಲ, ರೂಢಿಯಾಗಿದೆ. ಮೀಟರಿನ ತಂತಿಗಳನ್ನು ಸಿಕ್ಕಿಸಿಟ್ಟು ಬಿಸಿಗಾಳಿ ಹಿಡಿದೆ. 900, 950, 1000. ಇದು ಸಹಜ: ಒಳಗಿರುವುದು ತಾಮ್ರದ ತಂತಿಯ ಸುರುಳಿ, ತಾಮ್ರದ ರೋಧ ಪ್ರತಿ ಡಿಗ್ರಿಗೆ ಸುಮಾರು ಶೇ. 0.4ರಷ್ಟು ಏರುತ್ತದೆ. 1040 ದಾಟುತ್ತಿದ್ದಂತೆ ಅಂಕಿಯೇ ಮಾಯವಾಗಿ, ತಂತಿ ತುಂಡಾಗಿದ್ದರೆ ಬರುವ ‘ಓಎಲ್’ ಬಂತು. ಗಾಳಿ ನಿಲ್ಲಿಸಿ ಕಾದೆ. ತಣ್ಣಗಾಗುತ್ತಿದ್ದ ಹಾಗೆ ಅಂಕಿ ಮರಳಿತು. ಒಳಗೆಲ್ಲೋ ಕೂದಲೆಳೆಯಷ್ಟು ಬಿರುಕು, ಬಿಸಿಗೆ ಹಿಗ್ಗಿದಾಗ ಬಿಟ್ಟುಕೊಳ್ಳುತ್ತದೆ, ತಣಿದರೆ ಕೂಡಿಕೊಳ್ಳುತ್ತದೆ. ಮೂರು ಸಲ ಮಾಡಿ ನೋಡಿದೆ. ನಿಜ ಹೇಳಬೇಕೆಂದರೆ ಎರಡು ಸಲವೇ ಸಾಕಿತ್ತು, ಮೂರನೆಯದು ಖುಷಿಗೆ.

ಒಂದು ಎಚ್ಚರಿಕೆ. ಈ ಓಮ್ ಪರೀಕ್ಷೆ ಸುರುಳಿ ಇರುವ ಸೆನ್ಸರ್‌ಗಷ್ಟೇ. ಸುರುಳಿಯ ಬದಲು ಎಲೆಕ್ಟ್ರಾನಿಕ್ ಚಿಪ್ ಇರುವ ಹಾಲ್ ಎಫೆಕ್ಟ್ ಸೆನ್ಸರ್ ಆಗಿದ್ದರೆ, ಸಾಮಾನ್ಯವಾಗಿ ಅದಕ್ಕೆ ಮೂರು ತಂತಿ, ಮೀಟರಿನ ಓಮ್ ಅಂಕಿಗೆ ಅರ್ಥವಿಲ್ಲ. ಅಲ್ಲಿ ಕರೆಂಟ್ ಬರುತ್ತಿದೆಯೇ, ಎಂಜಿನ್ ತಿರುಗುವಾಗ ಸಿಗ್ನಲ್ ಏರಿಳಿಯುತ್ತಿದೆಯೇ ಎಂದೇ ನೋಡಬೇಕು. ಮತ್ತೆ, ಪರೀಕ್ಷೆಯ ಹುರುಪಿನಲ್ಲಿ ಹತ್ತು ಸೆಕೆಂಡಿಗಿಂತ ಹೆಚ್ಚು ಒಂದೇ ಸಮನೆ ಸೆಲ್ಫ್ ಹೊಡೆಯಬೇಡಿ. ಸ್ಟಾರ್ಟರ್ ಮೋಟಾರಿಗೆ ಒಂದೆರಡು ನಿಮಿಷ ಆರಲು ಬಿಡಿ.

ಹೊಸ ಸೆನ್ಸರ್ ಹಾಕಲು ಹಿಡಿದದ್ದು ಇಪ್ಪತ್ತು ನಿಮಿಷ. ಅದರಲ್ಲಿ ಹದಿನೈದು, ಕೈಜಾರಿ ಬಿದ್ದ ಬೋಲ್ಟ್ ಹುಡುಕಲು. ಕನೆಕ್ಟರಿನ ಲಾಕ್ ಬಿಚ್ಚುವಾಗಲೇ ಮುರಿದಿತ್ತು, ಸದ್ಯಕ್ಕಿರಲಿ ಎಂದು ಪ್ಲಾಸ್ಟಿಕ್ ಟೈ ಕಟ್ಟಿದೆ. ಆಮೇಲೆ ಒಂದು ಬೇಸಿಗೆ ಪೂರ್ತಿ ಕಳೆದಿದೆ, ಬಿಸಿ ಎಂಜಿನ್ ಒಮ್ಮೆಯೂ ಮುನಿಸಿಕೊಂಡಿಲ್ಲ. ಆ ಟೈ ಇನ್ನೂ ಅಲ್ಲೇ ಇದೆ.