ಮಡಚದೆ ಕಳಿಸಿದ 230 ಪ್ರಶಸ್ತಿ ಪತ್ರ: ನನ್ನ ಅನುಭವ

ಹೋದ ಡಿಸೆಂಬರಿನಲ್ಲಿ ಮಕ್ಕಳ ಕೈಬರಹ ಸ್ಪರ್ಧೆಯ 230 ಪ್ರಶಸ್ತಿ ಪತ್ರಗಳನ್ನು ಸಾಗರದಿಂದ ಅಂಚೆಗೆ ಹಾಕಿದೆ. ಬಂದ ದೂರು ಎರಡೇ ಎರಡು. ಒಂದರಲ್ಲಿ ಶಾಲೆಯ ವಿಳಾಸ ತಪ್ಪಿತ್ತು, ಇನ್ನೊಂದರಲ್ಲಿ ಹುಡುಗಿಯ ಇನಿಷಿಯಲ್ ತಪ್ಪಿತ್ತು. ಮಡಚಿದೆ, ಮೂಲೆ ಮುರಿದಿದೆ, ಗೆರೆ ಬಿದ್ದಿದೆ ಅಂತ ಒಬ್ಬರೂ ಹೇಳಲಿಲ್ಲ.

ಇದನ್ನು ಬರೆಯೋದಕ್ಕೆ ಕಾರಣ ಇದೆ. ಸ್ಪರ್ಧೆ ನಡೆಸುವ ನಮ್ಮ ಸಂಘದ ಕಾರ್ಯದರ್ಶಿ ಮಾಷ್ಟ್ರು ಮೂರು ವರ್ಷ ಒಂದೇ ಮಾತು ಹೇಳಿದರು: "ಅಲ್ಲ ಮಾರಾಯ್ತಿ, ಮೂರು ಮಡಿಕೆ ಮಾಡಿ ಸಣ್ಣ ಕವರಿಗೆ ಹಾಕು. ಮಕ್ಕಳಿಗೆ ಬಹುಮಾನ ಬಂತು ಅನ್ನೋದು ಮುಖ್ಯ." ನನಗೆ ಅದು ಒಪ್ಪಿಗೆಯಾಗಲೇ ಇಲ್ಲ. ಅಕ್ಷರ ಚಂದ ಬರೆದಿದ್ದಕ್ಕೆ ಕೊಡೋ ಕಾಗದವನ್ನೇ ಮಡಚಿ ಕಳಿಸೋದು ಹೇಗೆ? ಹದಿನಾಲ್ಕು ವರ್ಷದಿಂದ ಡಿಟಿಪಿ ಅಂಗಡಿ ನಡೆಸುತ್ತಿದ್ದೇನೆ. 300 ಜಿಎಸ್‌ಎಂ (ಚದರ ಮೀಟರಿಗೆ 300 ಗ್ರಾಂ ತೂಗುವ) ಆರ್ಟ್ ಕಾರ್ಡಿಗೆ ಒಮ್ಮೆ ಮಡಿಕೆ ಬಿದ್ದರೆ ಇಸ್ತ್ರಿ ಹಾಕಿದರೂ ಹೋಗೋದಿಲ್ಲ, ಚಿನ್ನದ ಫಾಯಿಲ್ ಇದ್ದರಂತೂ ಅಲ್ಲೇ ಸೀಳುತ್ತದೆ.

2022ರಲ್ಲಿ ಸುಮಾರು 180 ಪತ್ರ. 12×10 ಇಂಚಿನ ಸಾದಾ ಖಾಕಿ ಕವರು, ಒಳಗೆ ಪತ್ರ ಒಂದೇ. "ಮಡಚಬೇಡಿ" ಅಂತ ದೊಡ್ಡ ರಬ್ಬರ್ ಸ್ಟ್ಯಾಂಪ್ ಮಾಡಿಸಿದೆ, ನೂರೆಂಬತ್ತು ರೂಪಾಯಿ ಆಯಿತು. ಪತ್ರ ಬಾಗಿದೆ ಅಂತ ನಲವತ್ತು ಚಿಲ್ಲರೆ ಫೋನು ಬಂದವು. ಅಂಚೆಯ ಕಟ್ಟಿನ ಮಧ್ಯೆ ಕೂತ ದೊಡ್ಡ ಕವರಿಗೆ ಒಳಗಿನಿಂದ ಬಲ ಇಲ್ಲದಿದ್ದರೆ ಹುರಿ ಬಿಗಿದ ಕಡೆ ಬಾಗಲೇಬೇಕು. ಸ್ಟ್ಯಾಂಪಿನ ಮೇಲೆ ಭರವಸೆ ಇಟ್ಟದ್ದು ನನ್ನ ತಪ್ಪು. ಮತ್ತೆ ಮುದ್ರಿಸಿ ಕಳಿಸೋಕೆ ಪ್ರತಿ ಒಂದಕ್ಕೆ ಮುದ್ರಣ 38 ರೂಪಾಯಿ, ಆಗಿನ ಸ್ಪೀಡ್ ಪೋಸ್ಟ್ 41 ರೂಪಾಯಿ 30 ಪೈಸೆ. ಕೈಯಿಂದ ಮೂರು ಸಾವಿರದ ಮೇಲೆ ಹೋಯಿತು.

ಮಾರನೇ ವರ್ಷ ರಟ್ಟಿನ ಕೊಳವೆ. ಒಂದೂ ಮುರಿಯಲಿಲ್ಲ, ನಿಜ. ಆದರೆ ಹತ್ತು ದಿನ ಸುತ್ತಿಕೊಂಡೇ ಇದ್ದ ಕಾರ್ಡು ಬಿಚ್ಚಿದರೂ ಮತ್ತೆ ಸುತ್ತಿಕೊಳ್ಳುತ್ತದೆ. ಹೊಳೆನರಸೀಪುರದ ಒಬ್ಬ ತಾಯಿ ಫೋನ್ ಮಾಡಿ, "ಅಕ್ಕಾ, ಫ್ರೇಮಿನ ಅಂಗಡಿಯವರು ಇದು ಗಾಜಿನ ಕೆಳಗೆ ಕೂರಲ್ಲ ಅಂತಾರೆ" ಅಂದರು. ಕೊಳವೆಯ ದಾರಿ ಅಲ್ಲಿಗೇ ಬಿಟ್ಟೆ. ನಕ್ಷೆಗೆ ಅದು ಸರಿ, ಕಾರ್ಡಿಗಲ್ಲ.

ಮೂರನೇ ವರ್ಷದ್ದು ಮಾತ್ರ ಇವತ್ತಿಗೂ ಹೊಟ್ಟೆ ಉರಿಸುತ್ತದೆ. ಎರಡು ಮಿಲಿಮೀಟರಿನ ಗ್ರೇ ಬೋರ್ಡು, ಅದರ ಮೇಲೆ ಪತ್ರವನ್ನು ಪ್ಲಾಸ್ಟಿಕ್ ಫೋಲ್ಡರಿನಲ್ಲಿ ಹಾಕಿ ಇಟ್ಟೆ. ಮಳೆನೀರಿಗೂ ಭಯವಿಲ್ಲ ಅಂದುಕೊಂಡಿದ್ದೆ. ರಾಯಚೂರಿನಲ್ಲಿರುವ ನನ್ನ ತಮ್ಮ, ಅವನ ಮಗಳಿಗೆ ಬಂದ ಪತ್ರದ ಫೋಟೋ ಕಳಿಸಿದ. ಹುಡುಗಿಯ ಹೆಸರು ಪತ್ರದಲ್ಲಿ ಅರ್ಧ, ಪ್ಲಾಸ್ಟಿಕ್ಕಿನ ಒಳಮೈಯಲ್ಲಿ ಇನ್ನರ್ಧ, ಕನ್ನಡಿಯಲ್ಲಿ ಕಂಡ ಹಾಗೆ ತಿರುಗಿಕೊಂಡು. ಫೋಲ್ಡರು ಪಿವಿಸಿ ಪ್ಲಾಸ್ಟಿಕ್ಕಿನದು. ಅದು ಮೆತ್ತಗಿರಲಿ ಅಂತ ಸೇರಿಸುವ ಎಣ್ಣೆಯಂಥ ಪದಾರ್ಥ ಲೇಸರ್ ಪ್ರಿಂಟಿನ ಟೋನರನ್ನು ಕರಗಿಸಿ ಎಳೆದುಕೊಳ್ಳುತ್ತದೆ. ಬಿಸಿಲೂ ಒತ್ತಡವೂ ಸೇರಿದರೆ ಇನ್ನೂ ಬೇಗ. ಫೋಲ್ಡರ್ ಹಾಕಲೇಬೇಕಿದ್ದರೆ ಪಾಲಿಪ್ರಾಪಿಲೀನ್ ಅನ್ನೋ ಬೇರೆ ಪ್ಲಾಸ್ಟಿಕ್ಕಿನದು ತಗೊಳ್ಳಿ. ನಾನು ಈಗ ಬಟರ್ ಪೇಪರ್ ಒಂದನ್ನೇ ನಂಬುತ್ತೇನೆ. ಗ್ರೇ ಬೋರ್ಡೂ ನನ್ನ ಲೆಕ್ಕಕ್ಕೆ ಬರಲಿಲ್ಲ. ಎ4 ಅಳತೆಯ ಬೋರ್ಡಿನ ಒಂದು ತುಂಡೇ ಎಂಬತ್ತು ಗ್ರಾಂ ಹತ್ತಿರ ತೂಗುತ್ತದೆ, ಮತ್ತೆ ಒಮ್ಮೆ ಬಾಗಿದರೆ ಬಾಗಿದ ಹಾಗೇ ಉಳಿಯುತ್ತದೆ.

ಮಧ್ಯೆ ಒಂದು ಮಳೆಗಾಲ ಅಡಿಕೆ ಹಾಳೆಯನ್ನೂ ನೋಡಿದೆ. ನಮ್ಮೂರಲ್ಲಿ ಅದಕ್ಕೆ ಬರವಿಲ್ಲ. ನೆನೆಸಿ, ಒರಳುಕಲ್ಲಿನ ಕೆಳಗೆ ನಾಲ್ಕು ದಿನ ಒತ್ತಿಟ್ಟು, ಕತ್ತರಿಯಲ್ಲಿ ಅಳತೆಗೆ ಕತ್ತರಿಸಿದೆ. ಬಲ ಅಂದರೆ ಬಲ, ತೂಕವೂ ಹಗುರ. ಆದರೆ ಒಣಗುತ್ತಾ ಹೋದ ಹಾಗೆ ಮತ್ತೆ ದೋಣಿಯಾಗುತ್ತದೆ, ಮಳೆಗಾಲದಲ್ಲಿ ಬೂಸ್ಟು ಹಿಡಿಯುತ್ತದೆ. ಹಿಂದೆ ಇಟ್ಟ ಬಿಳಿ ಹಾಳೆಗೆ ಕಂದು ಕಲೆ ಬಿತ್ತು. ಬಿಸಿ ಅಚ್ಚಿನಲ್ಲಿ ಚಪ್ಪಟೆ ಒತ್ತಿಸಿದರೆ ಆಗಬಹುದೇನೋ, ತಟ್ಟೆ ಮಾಡುವ ಯಂತ್ರ ಇದ್ದವರು ನೋಡಿ.

ಕೊನೆಗೆ ಕೈಹಿಡಿದದ್ದು ಪಕ್ಕದ ಮೊಬೈಲ್ ಅಂಗಡಿಯವರು ಹೊರಗೆ ಎಸೆಯುವ ಕಾರ್ಟನ್ ಡಬ್ಬಿ. ಮೂರು ಪದರದ ರಟ್ಟು, ಖರ್ಚು ಸೊನ್ನೆ. ಆ ರಟ್ಟಿನೊಳಗೆ ಅಲೆಅಲೆಯಾಗಿ ಗೆರೆ ಇರುತ್ತದಲ್ಲ, ಅದು ಗೆರೆಯ ಉದ್ದಕ್ಕೆ ಬಾಗೋದು ಸುಲಭ, ಅಡ್ಡಕ್ಕೆ ಬಾಗೋದೇ ಇಲ್ಲ. ಹಾಗಾಗಿ ಒಂದು ತುಂಡನ್ನು ಗೆರೆ ನಿಲ್ಲುವ ಹಾಗೆ, ಇನ್ನೊಂದನ್ನು ಗೆರೆ ಮಲಗುವ ಹಾಗೆ ಕತ್ತರಿಸಿ, ಪತ್ರವನ್ನು ನಡುವೆ ಇಡೋದು. ಎರಡನ್ನೂ ಒಟ್ಟಿಗೆ ಹಿಡಿದು ಮೊಣಕಾಲಿಗೆ ಒತ್ತಿ ನೋಡಿ, ಗೊತ್ತಾಗುತ್ತದೆ. ಎರಡೂ ಒಂದೇ ದಿಕ್ಕಿಗಿದ್ದರೆ ಮುರಿಯುತ್ತದೆ, ಅಡ್ಡಡ್ಡ ಇದ್ದರೆ ನಿಮ್ಮ ಮೊಣಕಾಲೇ ನೋಯುತ್ತದೆ.

ಕವರಿನ ಅಳತೆಯಲ್ಲಿ ಎಲ್ಲರೂ ಎಡವುತ್ತಾರೆ, ನಾನೂ ಎಡವಿದ್ದೆ. ಅಂಗಡಿಯಲ್ಲಿ "ಎ4 ಕವರ್" ಅಂತ ಕೊಡೋದು 12×10. ಎ4 ಉದ್ದ 297 ಮಿಲಿಮೀಟರ್, ಕವರು 305. ಎರಡು ರಟ್ಟು ಸೇರಿ ಐದಾರು ಮಿಲಿಮೀಟರ್ ದಪ್ಪ ಆದಾಗ ಆ ಸಡಿಲ ಪೂರ್ತಿ ತಿಂದುಹೋಗುತ್ತದೆ. ತುರುಕಿದರೆ ಪತ್ರ ಹೊಟ್ಟೆ ಉಬ್ಬಿಸಿಕೊಂಡು ಕೂರುತ್ತದೆ, ಕವರಿನ ಮೂಲೆಗೆ ಬಿದ್ದ ಪೆಟ್ಟು ನೇರ ಪತ್ರದ ಮೂಲೆಗೇ. ನಾನು ತಗೊಂಡದ್ದು 14×10 ಬಟ್ಟೆ ಕವರು, ಒಳಗೆ ಬಟ್ಟೆ ಅಂಟಿಸಿದ್ದು, ವಕೀಲರು, ಬ್ಯಾಂಕಿನವರು ಬಳಸುತ್ತಾರಲ್ಲ ಅದೇ. ಬೆಂಗಳೂರಿನ ಅವೆನ್ಯೂ ರಸ್ತೆಯಲ್ಲಿ ಸಗಟಿಗೆ ಹನ್ನೊಂದೋ ಹನ್ನೆರಡೋ ರೂಪಾಯಿ ಬಿತ್ತು.

ರಟ್ಟನ್ನು ಪತ್ರದ ಅಳತೆಗಲ್ಲ, ಕವರಿನ ಅಳತೆಗೆ ಕತ್ತರಿಸಿದೆ, ಸುಮಾರು 13×9¼ ಇಂಚು. ಹಳೇ ಫೋಟೋ ಆಲ್ಬಮ್ಮಿನಲ್ಲಿ ಇರುತ್ತಿದ್ದ ಮೂಲೆಗಳ ಹಾಗೆ ಕ್ಯಾಲೆಂಡರ್ ಕಾಗದದಲ್ಲಿ ನಾಲ್ಕು ಮೂಲೆ ಮಾಡಿ ರಟ್ಟಿಗೆ ಅಂಟಿಸಿ, ಪತ್ರವನ್ನು ನಟ್ಟನಡುವೆ ಸಿಕ್ಕಿಸಿದೆ. ಸುತ್ತ ಅರ್ಧ ಇಂಚು ರಟ್ಟು ಖಾಲಿ. ಪೆಟ್ಟೆಲ್ಲ ಅದು ತಿನ್ನುತ್ತದೆ. ತಮ್ಮ ರಾಯಚೂರಿನಿಂದ ನನಗೇ ವಾಪಸ್ ಕಳಿಸಿದ ಪರೀಕ್ಷೆಯ ಕವರಿನಲ್ಲಿ ರಟ್ಟಿನ ಒಂದು ಮೂಲೆ ಪೂರ್ತಿ ನುಜ್ಜುಗುಜ್ಜಾಗಿತ್ತು, ಪತ್ರ ಈಗ ಪ್ರೆಸ್ಸಿನಿಂದ ಬಂದ ಹಾಗಿತ್ತು. ಆವತ್ತು ಮಾಷ್ಟ್ರಿಗೆ ಅದನ್ನು ತಗೊಂಡು ಹೋಗಿ ತೋರಿಸಿದೆ.

ಇನ್ನು ದುಡ್ಡು. 2025ರ ಸೆಪ್ಟೆಂಬರ್ 1ಕ್ಕೆ ರಿಜಿಸ್ಟರ್ ಪೋಸ್ಟು ಸ್ಪೀಡ್ ಪೋಸ್ಟಿನಲ್ಲಿ ಸೇರಿಹೋಯಿತು, ಅಕ್ಟೋಬರ್ 1ರಿಂದ ಹೊಸ ದರ. ಪರವೂರಿಗೆ 50 ಗ್ರಾಂ ತನಕ 47 ರೂಪಾಯಿ, ಜಿಎಸ್‌ಟಿ ಸೇರಿ ಐವತ್ತೈದೂವರೆ. ಅದು ದಾಟಿದರೆ 250 ಗ್ರಾಂ ತನಕ ಒಂದೇ ದರ. 200ರಿಂದ 500 ಕಿಲೋಮೀಟರಿಗೆ 63, ತೆರಿಗೆ ಸೇರಿ 74 ಚಿಲ್ಲರೆ. ಎಲ್ಲರೂ 50 ಗ್ರಾಂ ಒಳಗೆ ತರೋಕೆ ಒದ್ದಾಡುತ್ತಾರೆ. ಬಟ್ಟೆ ಕವರು, ಎರಡು ರಟ್ಟು ಹಾಕಿದ ಮೇಲೆ ಅದು ಸಾಧ್ಯವೇ ಇಲ್ಲ. ನನ್ನದು ಅಡುಗೆಮನೆ ತಕ್ಕಡಿಯಲ್ಲಿ 115 ಗ್ರಾಂ ಆಸುಪಾಸು ಬಂತು. ಒಂದು ಪತ್ರ 19 ಗ್ರಾಂ. ಅಂದರೆ ಅದೇ ದರಕ್ಕೆ ಇನ್ನೂ ಆರು ಪತ್ರ ಧಾರಾಳ ಹಿಡಿಯುತ್ತವೆ! ಒಂದೇ ಶಾಲೆಯ ಮಕ್ಕಳದ್ದೆಲ್ಲ ಒಂದೇ ಕವರಿಗೆ ಹಾಕಿದೆ, ನಡುನಡುವೆ ಬಟರ್ ಪೇಪರ್. 230 ಪತ್ರ 96 ಕವರಿನಲ್ಲಿ ಮುಗಿಯಿತು, ಅಂಚೆ ಖರ್ಚು ಏಳು ಸಾವಿರದ ಸ್ವಲ್ಪ ಮೇಲೆ. ಮಾಷ್ಟ್ರು ಹೇಳಿದ ಹಾಗೆ ಮಡಚಿ ಒಂದೊಂದಾಗಿ ಕಳಿಸಿದ್ದರೆ ಹನ್ನೆರಡು ಸಾವಿರ ದಾಟುತ್ತಿತ್ತು. ಸಂಘದ ಲೆಕ್ಕದ ಪುಸ್ತಕದಲ್ಲಿ ಅವರೇ ಕೈಯಾರೆ ಬರೆದಿದ್ದಾರೆ.

ಒಂದು ಮಾತು ಬಿಟ್ಟುಹೋಯಿತು. ವಿಳಾಸವನ್ನು ಪತ್ರ ಒಳಗೆ ಹಾಕುವ ಮುಂಚೆಯೇ ಬರೆಯಿರಿ, ಇಲ್ಲವೇ ಚೀಟಿ ಅಂಟಿಸಿ. ಒಂದು ವರ್ಷ ಕವರು ಮುಚ್ಚಿದ ಮೇಲೆ ಬಾಲ್ ಪೆನ್ನಿನಲ್ಲಿ ಒತ್ತಿ ಬರೆದೆ. ಕಲಬುರಗಿಗೆ ಹೋಗಬೇಕಿದ್ದ ಪತ್ರದ ಫಾಯಿಲ್ ಮೇಲೆ 585 ಅಂತ ಪಿನ್ ಕೋಡ್ ಅಚ್ಚೊತ್ತಿ ಕೂತಿತ್ತು. ಬೆಳಕಿಗೆ ಓರೆ ಹಿಡಿದಾಗಲೇ ಕಂಡದ್ದು.

ಕವರಿನ ಬಾಯಿಗೆ ಪಿನ್ ಹೊಡೆಯೋದಿಲ್ಲ, ಟೇಪೂ ಇಲ್ಲ. ಮೈದಾ ಅಂಟು. ಅದಕ್ಕೆ ಹುಳ ಬರದ ಹಾಗೆ, ಥಂಡಿಗೆ ಬಿಟ್ಟುಕೊಳ್ಳದ ಹಾಗೆ ಏನು ಹಾಕುತ್ತೇನೆ ಅನ್ನೋದು ಅಜ್ಜಿಯಿಂದ ಬಂದದ್ದು, ಅದನ್ನು ಇಲ್ಲಿ ಬರೆಯೋದಿಲ್ಲ. ಅಂಗಡಿಗೆ ಬಂದವರಿಗೆ ಅಂಟು ಕೊಡುತ್ತೇನೆ, ಪಾಕ ಕೊಡೋದಿಲ್ಲ.

ಅಂಕಪಟ್ಟಿಯಂಥ ಮೂಲ ದಾಖಲೆಗೂ ಈಗ ಇದೇ ಕಟ್ಟು ಮಾಡಿಕೊಡುತ್ತಿದ್ದೇನೆ, ಕವರು ಸೇರಿ ನಲವತ್ತು ರೂಪಾಯಿ. ಅಂಚೆ ಕಚೇರಿಯಲ್ಲಿ ಸ್ಪೀಡ್ ಪೋಸ್ಟಿನ ದರದ ಮೇಲೆ ಐದು ರೂಪಾಯಿ, ತೆರಿಗೆ ಕೊಟ್ಟು ರಿಜಿಸ್ಟ್ರೇಷನ್ ಸೇರಿಸಿ ಅಂತ ಹೇಳುತ್ತೇನೆ, ವಿಳಾಸದಾರರ ಕೈಗೇ ಹೋಗುತ್ತದೆ. ಈ ಸಲ ಸಂಘದವರು ಮೊದಲ ಬಹುಮಾನದ ಹತ್ತು ಪತ್ರಗಳನ್ನು ಎ3ಯಲ್ಲಿ ಮಾಡಿಸೋಣ ಅಂದಿದ್ದಾರೆ. 16×12 ಕವರು ಅದಕ್ಕೆ ಸಾಲದು, ಎ3 ಉದ್ದವೇ ಹದಿನಾರೂವರೆ ಇಂಚು. ಬಟ್ಟೆ ಕವರನ್ನು ನಾನೇ ಹೊಲಿಯೋದು ಅಂತ ತೀರ್ಮಾನ ಮಾಡಿ ಖಾದಿ ಅಂಗಡಿಯಿಂದ ಎರಡು ಮೀಟರ್ ಬಟ್ಟೆ ತಂದಿಟ್ಟಿದ್ದೇನೆ.