ಟೆಕ್ಸಾಸಿನಲ್ಲಿ ಬೇಟೆ, ದೊಡ್ಡ ರೈಫಲ್, ಮನೆಯಲ್ಲೇ ತುಂಬುವ ಕಾಡತೂಸು: ಬಳ್ಳಾರಿ, ಕೊಪ್ಪಳ, ರಾಯಚೂರಿನ ನಮ್ಮವರು ತಿಳಿದಿರಬೇಕಾದದ್ದು

ಯಲಬುರ್ಗಾ, ಕುಕನೂರು ಕಡೆಯ ಎರೆ ಹೊಲದವರಿಗೆ ಕೃಷ್ಣಮೃಗದ ಹಿಂಡು ಹೊಸದಲ್ಲ. ಹೆಸರು, ಕಡಲೆ ಇನ್ನೂ ಎಳೆಯದಿರುವಾಗಲೇ ಮೇಯ್ದು ಹೋಗುತ್ತವೆ. ರೈತ ಕೂಗಬಹುದು, ತಮಟೆ ಬಾರಿಸಬಹುದು, ರಾತ್ರಿಯೆಲ್ಲ ಕಾವಲು ಕೂರಬಹುದು, ಅಷ್ಟೇ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಒಂದನೇ ಅನುಸೂಚಿಯಲ್ಲಿರುವ ಪ್ರಾಣಿ ಅದು, ಮೈ ಮುಟ್ಟುವಂತಿಲ್ಲ. ಅದೇ ಕೃಷ್ಣಮೃಗವನ್ನು ಟೆಕ್ಸಾಸಿನ ಎಡ್ವರ್ಡ್ಸ್ ಪ್ಲಾಟೋ ಭಾಗದ ರ‍್ಯಾಂಚುಗಳಲ್ಲಿ ವರ್ಷವಿಡೀ ಕಾನೂನುಬದ್ಧವಾಗಿ ಬೇಟೆಯಾಡುತ್ತಾರೆ. 1930ರ ದಶಕದಲ್ಲಿ ತಂದು ಬಿಟ್ಟದ್ದು, ಅಲ್ಲಿಯ ಹುಲ್ಲುಗಾವಲಿಗೆ ಒಗ್ಗಿ ಹಬ್ಬಿಬಿಟ್ಟಿದೆ. ದಕ್ಷಿಣ ಟೆಕ್ಸಾಸಿನ ಕರಾವಳಿ ರ‍್ಯಾಂಚುಗಳಲ್ಲಿ ಭಾರತದ ನೀಲಗಾಯಿಯೂ ಇದೆ. ದನಗಳಿಗೆ ಜ್ವರ ತರುವ ಉಣ್ಣಿ ಹುಳವನ್ನು ಹರಡುತ್ತದೆಂದು ಸರ್ಕಾರವೇ ಅದರ ಸಂಖ್ಯೆ ತಗ್ಗಿಸಲು ನೋಡುತ್ತದೆ. ಹೊರಗಿನಿಂದ ಬಂದ ಇವಕ್ಕೆಲ್ಲ ಅಲ್ಲಿ ಎಕ್ಸಾಟಿಕ್ ಅಂತ ಹೆಸರು. ಸೀಸನ್ ಇಲ್ಲ, ಇಷ್ಟೇ ಹೊಡೆಯಬೇಕೆಂಬ ರಾಜ್ಯದ ಮಿತಿಯೂ ಇಲ್ಲ. ಆದರೆ ಜಮೀನಿನ ಮಾಲೀಕರ ಒಪ್ಪಿಗೆ ಬೇಕು, ಕೈಯಲ್ಲಿ ಹಂಟಿಂಗ್ ಲೈಸೆನ್ಸ್, ಅಂದರೆ ಬೇಟೆಯ ಪರವಾನಗಿ, ಇರಬೇಕು.

ಈ ಲೈಸೆನ್ಸಿನ ವಿಷಯದಲ್ಲೇ ನಮ್ಮವರು ಎಡವುವುದು. ನಮ್ಮ ಕಡೆ ಪರವಾನಗಿ ಎಂದರೆ ಬಂದೂಕಿನದು. ಡಿಸಿ ಆಫೀಸಿಗೆ ಅರ್ಜಿ, ಪೊಲೀಸ್ ವರದಿ, ಪುಸ್ತಕದಲ್ಲಿ ಬಂದೂಕಿನ ನಂಬರು, ಚುನಾವಣೆ ಬಂದರೆ ಠಾಣೆಯಲ್ಲಿ ಜಮಾ. ಟೆಕ್ಸಾಸಿನಲ್ಲಿ ರೈಫಲ್ ಇಟ್ಟುಕೊಳ್ಳಲು ಅಂಥ ಪುಸ್ತಕವೇ ಇಲ್ಲ. ಅಂಗಡಿಯ ಗೋಡೆ ತುಂಬ ಬಂದೂಕು ನೋಡಿ, ಇಲ್ಲಿ ಯಾವ ಕಾಗದವೂ ಬೇಡ ಎಂದು ನಂಬಿದವರನ್ನು ಬಹಳ ನೋಡಿದ್ದೇನೆ. ಅಮೆರಿಕದ ಪೌರರಿಗೆ, ಗ್ರೀನ್ ಕಾರ್ಡ್ ಇದ್ದವರಿಗೆ ಅದು ಬಹುಮಟ್ಟಿಗೆ ನಿಜ. ನೌಕರಿಯ ಎಚ್-1ಬಿ, ಎಲ್-1, ಎಚ್-1ಬಿಯವರ ಕುಟುಂಬದ ಎಚ್-4, ಓದಿನ ಎಫ್-1, ಪ್ರವಾಸದ ಬಿ-2 ವೀಸಾ ಮೇಲೆ ಬಂದವರಿಗೆ ಅಲ್ಲ. ಇಂಥವರು ಬಂದೂಕನ್ನಾಗಲಿ ಮದ್ದುಗುಂಡನ್ನಾಗಲಿ ಹೊಂದುವಂತಿಲ್ಲ ಎಂದು ಕೇಂದ್ರದ ಕಾನೂನು ನೇರವಾಗಿ ಹೇಳುತ್ತದೆ. ವಿನಾಯಿತಿಗಳು ಕೆಲವೇ. ನಮ್ಮಂಥವರಿಗೆ ಅನ್ವಯಿಸುವುದು ಮುಖ್ಯವಾಗಿ ಒಂದು: ಅಮೆರಿಕದ ಯಾವುದಾದರೂ ರಾಜ್ಯ ಕೊಟ್ಟ, ಅವಧಿ ಮುಗಿಯದ ಹಂಟಿಂಗ್ ಲೈಸೆನ್ಸ್ ಇರಬೇಕು. ಗ್ರೀನ್ ಕಾರ್ಡಿಗೆ ಅರ್ಜಿ ಹಾಕಿದ್ದೇನೆ ಎಂದರೆ ಸಾಲದು. ವೀಸಾ ಸ್ಟೇಟಸ್ಸೇ ಮುಗಿದು ಅಕ್ರಮವಾಗಿ ಉಳಿದಿದ್ದರೆ ಹಂಟಿಂಗ್ ಲೈಸೆನ್ಸ್ ಕೂಡ ಕಾಪಾಡುವುದಿಲ್ಲ. ತಪ್ಪಿದರೆ 15 ವರ್ಷದವರೆಗೆ ಸೆರೆ, ಮೇಲೆ ಗಡೀಪಾರು. ಮನೆ ಸಾಲ, ಮಕ್ಕಳ ಶಾಲೆ, ಎಲ್ಲ ಅಲ್ಲೇ ನಿಂತುಹೋಗುತ್ತದೆ.

ಹೊಂದುವುದು ಎಂದರೆ ಕೊಂಡು ಮನೆಯಲ್ಲಿಡುವುದು ಮಾತ್ರ ಎಂದುಕೊಳ್ಳಬೇಡಿ. ಶೂಟಿಂಗ್ ರೇಂಜಿನಲ್ಲಿ ಬಾಡಿಗೆಗೆ ಪಡೆದು ಹತ್ತು ನಿಮಿಷ ಹಿಡಿದರೂ ಅದು ಹೊಂದಿದಂತೆಯೇ. ಸಿಂಧನೂರಿನಿಂದಲೋ ಸಿರುಗುಪ್ಪದಿಂದಲೋ ವಿಸಿಟರ್ ವೀಸಾದಲ್ಲಿ ಬಂದ ಅಪ್ಪನನ್ನು ರೇಂಜಿಗೆ ಕರೆದೊಯ್ದು, ಕೈಗೆ ರೈಫಲ್ ಕೊಟ್ಟು, ಫೋಟೋ ತೆಗೆದು ಮನೆಯ ವಾಟ್ಸ್ಯಾಪ್ ಗುಂಪಿಗೆ ಹಾಕುವ ಮಕ್ಕಳಿದ್ದಾರೆ. ಆ ಫೋಟೋ ಅಪ್ಪನ ವಿರುದ್ಧ ಸಾಕ್ಷಿಯಾಗುತ್ತದೆ. ಗೊತ್ತಿದ್ದೂ ಕೊಟ್ಟ ಮಗನದೂ ಬೇರೆ ಅಪರಾಧ. ಅಪ್ಪನಿಗೆ ಆಸೆಯಿದ್ದರೆ ಮೊದಲು ಅವರ ಹೆಸರಿನಲ್ಲಿ ಹೊರರಾಜ್ಯದವರ ಹಂಟಿಂಗ್ ಲೈಸೆನ್ಸ್ ಮಾಡಿಸಿ. ಹಾಗೆಯೇ ಗಂಡನಿಗೆ ಲೈಸೆನ್ಸ್ ಇದ್ದು, ಎಚ್-4ರಲ್ಲಿರುವ ಹೆಂಡತಿಯ ಹತ್ತಿರ ಬಂದೂಕಿನ ಬೀರುವಿನ ಕೀ ಇದ್ದರೆ ಅವರಿಗೂ ಒಂದು ಲೈಸೆನ್ಸ್ ಇರಲಿ.

ನಮ್ಮವರು ಬೀಳುವ ಇನ್ನೊಂದು ಗುಂಡಿ ಕಾಡುಹಂದಿ ಬೇಟೆಯದು. ನಮ್ಮ ಶೇಂಗಾ ಹೊಲಗಳಲ್ಲಿ ಹಂದಿ ಮಾಡುವ ಹಾಳನ್ನು ಕಂಡವರಿಗೆ ಟೆಕ್ಸಾಸಿನ ರೈತರ ಸಿಟ್ಟು ಬೇಗ ಅರ್ಥವಾಗುತ್ತದೆ. ಖಾಸಗಿ ಜಮೀನಿನಲ್ಲಿ ಮಾಲೀಕರ ಒಪ್ಪಿಗೆಯಿದ್ದರೆ ಹಂದಿ ಹೊಡೆಯಲು ಹಂಟಿಂಗ್ ಲೈಸೆನ್ಸ್ ಬೇಕಿಲ್ಲ ಎಂದು ರಾಜ್ಯವು 2019ರ ಸೆಪ್ಟೆಂಬರಿನಿಂದ ನಿಯಮ ಸಡಿಲಿಸಿದೆ. ಸ್ಥಳೀಯ ಗೆಳೆಯರು ಅದನ್ನೇ ನಿಮಗೂ ಹೇಳುತ್ತಾರೆ, ಕೆಟ್ಟ ಮನಸ್ಸಿನಿಂದಲ್ಲ. ಆದರೆ ಆ ಸಡಿಲಿಕೆ ರಾಜ್ಯದ್ದು, ನಿಮ್ಮ ಮೇಲಿನ ನಿರ್ಬಂಧ ಕೇಂದ್ರದ್ದು. ಹಂದಿಗೆ ಬೇಡದ ಲೈಸೆನ್ಸ್ ನಿಮ್ಮ ಕೈಯಲ್ಲಿರುವ ರೈಫಲ್ಲಿಗೆ ಬೇಕೇ ಬೇಕು.

ಮಾಡಿಸುವುದು ಕಷ್ಟವಲ್ಲ. 1971ರ ಸೆಪ್ಟೆಂಬರ್ 2ರಂದು ಅಥವಾ ಆಮೇಲೆ ಹುಟ್ಟಿದವರು ಹಂಟರ್ ಎಜುಕೇಶನ್ ಕೋರ್ಸ್ ಮುಗಿಸಿರಬೇಕು. ದೊಡ್ಡವರು ಆನ್‌ಲೈನಿನಲ್ಲೇ ಮಾಡಬಹುದು. ನನ್ನ ಕೇಳಿದರೆ ತರಗತಿಗೆ ಹೋಗಿ ಕೂತು ಕಲಿಯಿರಿ, ಬಂದೂಕು ಮುಟ್ಟದೇ ಬೆಳೆದವರಿಗೆ ಅದು ತುಂಬ ಉಪಯೋಗ. ಟೆಕ್ಸಾಸಿನಲ್ಲಿ ಆರು ತಿಂಗಳಿಗೂ ಹೆಚ್ಚು ಸತತವಾಗಿ ವಾಸಿಸಿದವರಿಗೆ ಲೈಸೆನ್ಸ್ 25 ಡಾಲರ್, ಹೊರಗಿನವರಿಗೆ ಸಾಮಾನ್ಯ ಲೈಸೆನ್ಸ್ 315. ರೈಫಲ್ ಕೊಳ್ಳುವಾಗ ಅಂಗಡಿಯವರು 4473 ಎಂಬ ಫಾರಂ ತುಂಬಿಸಿಕೊಂಡು ಹಿನ್ನೆಲೆ ಪರಿಶೀಲಿಸುತ್ತಾರೆ. ನೀವು ವೀಸಾ ಮೇಲೆ ಬಂದವರೇ, ವಿನಾಯಿತಿಯಲ್ಲಿ ಬರುತ್ತೀರಾ ಎಂಬ ಪ್ರಶ್ನೆಗಳು ಅದರಲ್ಲೇ ಇವೆ. ಇದ್ದದ್ದನ್ನು ಇದ್ದಂತೆ ಬರೆಯಿರಿ, ಅಮೆರಿಕದೊಳಗೆ ಬಂದ ದಾಖಲೆಯಾದ ಐ-94ರ ನಂಬರು ಮತ್ತು ಹಂಟಿಂಗ್ ಲೈಸೆನ್ಸ್ ಜೊತೆಗಿರಲಿ.

ಲೈಸೆನ್ಸ್ ಆಗಸ್ಟ್ 31ಕ್ಕೆ ಮುಗಿಯುತ್ತದೆ, ಯಾವ ತಿಂಗಳಲ್ಲಿ ಕೊಂಡಿದ್ದರೂ. ಸೆಪ್ಟೆಂಬರ್ 1ರ ಬೆಳಿಗ್ಗೆ ಹೊಸದು ಕೈಯಲ್ಲಿಲ್ಲದಿದ್ದರೆ ಬೀರುವಿನಲ್ಲಿ ಸುಮ್ಮನೆ ಮಲಗಿದ ರೈಫಲ್ಲೇ ಅಪರಾಧವಾಗುತ್ತದೆ. ಗಣೇಶ ಚೌತಿಗೆ ಊರಿಗೆ ಹೊರಡುವವರು ಇದನ್ನು ಮರೆಯುವುದು ಹೆಚ್ಚು. ಹೊಸ ವರ್ಷದ ಲೈಸೆನ್ಸ್ ಮಾರಾಟ ಶುರುವಾಗುವುದು ಆಗಸ್ಟ್ 15ರಂದು. ಆ ತಾರೀಖು ನಮಗೆ ನೆನಪಿಡಲು ಕಷ್ಟವಿಲ್ಲ, ಅವತ್ತೇ ಕೊಂಡುಬಿಡಿ.

ಟೆಕ್ಸಾಸಿನ ನೆಲ ಹೆಚ್ಚಿನದೆಲ್ಲ ಖಾಸಗಿಯವರದು. ಬೇಲಿಯ ಕಂಬದ ಮೇಲೋ ಮರದ ಮೇಲೋ ಎದೆಯ ಎತ್ತರದಲ್ಲಿ ನೇರಳೆ ಬಣ್ಣದ ಉದ್ದ ಗೀರು ಕಂಡರೆ ಒಳಗೆ ಬರಬೇಡಿ ಎಂದರ್ಥ. ಬೋರ್ಡಿಗಿರುವ ಬಲವೇ ಆ ಬಣ್ಣಕ್ಕೂ ಇದೆ.

ಈಗ ರೈಫಲ್ಲಿನ ಮಾತು. ಕೃಷ್ಣಮೃಗ ಸಣ್ಣ ಪ್ರಾಣಿ, 30-40 ಕಿಲೋ ತೂಗೀತು. ಅದಕ್ಕೆ .243 ಸಾಕು, .308 ಧಾರಾಳವಾಯಿತು (ಈ ಅಂಕಿಗಳು ಇಂಚಿನಲ್ಲಿ ಗುಂಡಿನ ಅಗಲ, ಹೆಚ್ಚುಕಡಿಮೆ). ನೀಲಗಾಯಿಯ ದೊಡ್ಡ ಗಂಡು 200 ಕಿಲೋ ದಾಟುತ್ತದೆ, ಚರ್ಮ ದಪ್ಪ, ಗಾಯದಿಂದ ರಕ್ತ ಹೊರಗೆ ಬೀಳುವುದು ಕಡಿಮೆ, ಸರಿಯಾಗಿ ತಾಗದಿದ್ದರೆ ಮೈಲಿಗಟ್ಟಲೆ ಓಡಿ ಪೊದೆಯಲ್ಲಿ ನರಳಿ ಸಾಯುತ್ತದೆ. ಅದಕ್ಕಾಗಿಯೇ ಗೈಡುಗಳು .300 ವಿಂಚೆಸ್ಟರ್ ಮ್ಯಾಗ್ನಮ್, .338, ಕೆಲವರು .375 ಎಚ್ ಅಂಡ್ ಎಚ್ ಮ್ಯಾಗ್ನಮ್ ತನ್ನಿ ಎನ್ನುತ್ತಾರೆ. 1912ರಲ್ಲಿ ಲಂಡನ್ನಿನ ಹಾಲೆಂಡ್ ಅಂಡ್ ಹಾಲೆಂಡ್ ಕಂಪನಿ ತಂದ ಈ .375, 300 ಗ್ರೇನಿನ (ಸುಮಾರು 19 ಗ್ರಾಂ) ಗುಂಡನ್ನು ಸೆಕೆಂಡಿಗೆ ಸುಮಾರು 2500 ಅಡಿ ವೇಗದಲ್ಲಿ ಕಳಿಸುತ್ತದೆ. ಭುಜಕ್ಕೆ ಬೀಳುವ ಒದೆತ ಸಾಮಾನ್ಯ .30-06ರ ಹೆಚ್ಚುಕಡಿಮೆ ಇಮ್ಮಡಿ. ಮೊದಲ ರೈಫಲ್ಲಾಗಿ ಇದನ್ನು ಕೊಳ್ಳಬೇಡಿ ಎಂದು ನಾನು ಖಡಾಖಂಡಿತ ಹೇಳುತ್ತೇನೆ. ಒದೆತಕ್ಕೆ ಹೆದರಿದ ಮೈ, ಬಂದೂಕಿನ ಕುದುರೆ (ಟ್ರಿಗರ್) ಎಳೆಯುವ ಮೊದಲೇ ಕಣ್ಣು ಮುಚ್ಚಿ ಭುಜ ಮುಂದೆ ತಳ್ಳುತ್ತದೆ. ಹಾಗೆ ಹೊಡೆದ ಗುಂಡು ಪ್ರಾಣಿಯ ಹೊಟ್ಟೆಗೆ ಬೀಳುತ್ತದೆ, ಎದೆಗೆ ಬೀಳುವುದಿಲ್ಲ.

ಈ ಹೆದರಿಕೆಯನ್ನು ಪತ್ತೆ ಮಾಡುವ ಉಪಾಯ ಸರಳ. ಗೆಳೆಯ ನಿಮಗೆ ಕಾಣದಂತೆ ಕೆಲವು ಸಲ ನಿಜವಾದ ಕಾಡತೂಸು, ಕೆಲವು ಸಲ ಮದ್ದಿಲ್ಲದ ಡಮ್ಮಿ ಹಾಕಿ ಕೊಡಲಿ. ಡಮ್ಮಿ ಬಂದಾಗ ಕುದುರೆ ಕ್ಲಿಕ್ ಎನ್ನುತ್ತದೆ, ಆಗ ನಳಿಕೆಯ ತುದಿ ತಗ್ಗಿತೇ ಎಂದು ನೋಡಿ. ತಗ್ಗಿದರೆ ದೊಡ್ಡ ರೈಫಲ್ಲನ್ನು ಚೀಲಕ್ಕೆ ಹಾಕಿ .22ಕ್ಕೆ ಮರಳಿ. ಮೇಜಿನ ಮೇಲೆ ಒರಗಿ ದೊಡ್ಡ ರೈಫಲ್ ಹೊಡೆಯುವಾಗ ಮೂರು ನಾಲ್ಕು ಗುಂಡಿಗೇ ನಿಲ್ಲಿಸಿ, ಉಳಿದ ಅಭ್ಯಾಸವನ್ನು ನಿಂತು ಮಾಡಿ. ನಿಂತ ಮೈ ಒದೆತದ ಜೊತೆ ಹಿಂದೆ ಸರಿದು ಅದನ್ನು ನುಂಗುತ್ತದೆ. ಕಣ್ಣಿಗೂ ಸ್ಕೋಪಿಗೂ ನಡುವೆ ಮೂರೂವರೆ ನಾಲ್ಕು ಇಂಚು ಅಂತರ ಇರಲಿ, ಇಲ್ಲದಿದ್ದರೆ ಹುಬ್ಬು ಸೀಳುತ್ತದೆ. ಕಿವಿಗೆ ಪ್ಲಗ್, ಅದರ ಮೇಲೆ ಮಫ್, ಎರಡೂ.

ದೊಡ್ಡ ಕಾಡತೂಸು ಅಂಗಡಿಯಲ್ಲಿ ದುಬಾರಿ, ಒಂದೊಂದಕ್ಕೆ ಹಲವು ಡಾಲರ್. ಆದ್ದರಿಂದ ಬೇಟೆಗಾರರು ಹೊಡೆದ ಕಾಡತೂಸಿನ ಹಿತ್ತಾಳೆ ಕವಚವನ್ನು, ಅಂದರೆ ಕೇಸನ್ನು, ಉಳಿಸಿಕೊಂಡು ಮನೆಯಲ್ಲೇ ಮತ್ತೆ ತುಂಬುತ್ತಾರೆ, ರೀಲೋಡಿಂಗ್ ಎನ್ನುವುದು ಇದಕ್ಕೇ. ಭಾರತದಲ್ಲಿ ಪರವಾನಗಿಯಿಲ್ಲದೆ ಮದ್ದುಗುಂಡು ತಯಾರಿಸಿದರೆ ಜೈಲು. ಅಮೆರಿಕದಲ್ಲಿ ಸ್ವಂತ ಬಳಕೆಗೆ ತುಂಬಿಕೊಳ್ಳಲು ಕೇಂದ್ರದ ಲೈಸೆನ್ಸ್ ಬೇಡ. ದುಡ್ಡಿಗಾಗಿ ತುಂಬಿ ಮಾರುವ ಕಸುಬಿಗೆ ಬೇಕು. ಆದರೆ ವೀಸಾ ಮೇಲಿರುವವರು ಒಂದು ಮಾತು ಗಟ್ಟಿಯಾಗಿ ಹಿಡಿದುಕೊಳ್ಳಬೇಕು: ಕಾನೂನಿನ ಲೆಕ್ಕದಲ್ಲಿ ಖಾಲಿ ಕೇಸು, ಮದ್ದಿಗೆ ಕಿಡಿ ಹೊತ್ತಿಸುವ ಪ್ರೈಮರ್, ಮದ್ದು, ಗುಂಡು, ಇವು ಬಿಡಿಬಿಡಿಯಾಗಿದ್ದರೂ ಮದ್ದುಗುಂಡೇ. ಬಂದೂಕೇ ಇಲ್ಲದ ಎಚ್-1ಬಿ ಗೆಳೆಯ, ನಿಮಗಾಗಿ ಒಂದು ಡಬ್ಬಿ ಮದ್ದು ತಂದು ತನ್ನ ಗ್ಯಾರೇಜಿನಲ್ಲಿ ಇಟ್ಟುಕೊಂಡರೂ ಅವನ ಹೆಸರಿನಲ್ಲಿ ಹಂಟಿಂಗ್ ಲೈಸೆನ್ಸ್ ಇರಬೇಕು.

ಎಷ್ಟು ಮದ್ದು ಹಾಕಬೇಕೆಂದು ನಾನಿಲ್ಲಿ ಬರೆಯುವುದಿಲ್ಲ, ಬೇರೆ ಯಾರಾದರೂ ಬಾಯಿಮಾತಿನಲ್ಲಿ ಹೇಳಿದರೂ ತೆಗೆದುಕೊಳ್ಳಬೇಡಿ. ಮದ್ದು ಮತ್ತು ಗುಂಡು ತಯಾರಿಸುವ ಕಂಪನಿಗಳು ಪ್ರಕಟಿಸುವ ಈಚಿನ ಪಟ್ಟಿ ಒಂದೇ ಆಧಾರ. ಅದರಲ್ಲಿ ಆರಂಭದ ತೂಕ, ಗರಿಷ್ಠ ತೂಕ ಎರಡೂ ಇರುತ್ತವೆ. ಆರಂಭದಿಂದಲೇ ಹೊರಡಿ, ಸ್ವಲ್ಪ ಸ್ವಲ್ಪವೇ ಏರಿಸಿ. ನಿಧಾನವಾಗಿ ಉರಿಯುವ ಮದ್ದನ್ನು ಒದೆತ ಕಡಿಮೆಯಾಗಲೆಂದು ಆರಂಭದ ತೂಕಕ್ಕಿಂತ ಕೆಳಗಿಳಿಸುವುದೂ ಅಪಾಯವೇ, ದೊಡ್ಡ ಕೇಸಿನಲ್ಲಿ ಒತ್ತಡ ಹುಚ್ಚೆದ್ದು ರೈಫಲ್ ಒಡೆದದ್ದುಂಟು. ಅಳತೆ ಗ್ರೇನಿನಲ್ಲಿ, ಒಂದು ಪೌಂಡಿಗೆ 7000 ಗ್ರೇನ್. ನಮ್ಮ ಬಿಳಿಜೋಳದ ಎರಡು ಕಾಳು ತೂಗಿದರೆ ಹೆಚ್ಚುಕಡಿಮೆ ಒಂದು ಗ್ರೇನ್. ಪಟ್ಟಿಯ ಗರಿಷ್ಠದ ಹತ್ತಿರ ಅಷ್ಟು ಮದ್ದು ಹೆಚ್ಚು ಬಿದ್ದರೂ ಒತ್ತಡ ಮೀರಬಹುದು, ಮತ್ತು .375ರ ಗರಿಷ್ಠ ಒತ್ತಡವೇ ಚದರ ಇಂಚಿಗೆ 62,000 ಪೌಂಡ್.

ಕೇಸನ್ನು ಮೊದಲು ಬೆಳಕಿಗೆ ಹಿಡಿದು ನೋಡಿ. ಮ್ಯಾಗ್ನಮ್ ಕೇಸಿನ ಬುಡದಲ್ಲಿ ಪಟ್ಟಿಯಂಥ ಉಬ್ಬು ಇರುತ್ತದೆ. ಅದರ ಸ್ವಲ್ಪ ಮೇಲೆ ಸುತ್ತಲೂ ಹೊಳೆಯುವ ಗೆರೆ ಕಂಡರೆ ಒಳಗಡೆ ಹಿತ್ತಾಳೆ ತೆಳ್ಳಗಾಗಿ ತುಂಡಾಗುವ ಹಂತಕ್ಕೆ ಬಂದಿದೆ. ಒಂದು ಪೇಪರ್ ಕ್ಲಿಪ್ ಬಿಡಿಸಿ, ತುದಿಯನ್ನು ಚೂರು ಬಗ್ಗಿಸಿ, ಕೇಸಿನೊಳಗೆ ಬುಡದಿಂದ ಮೇಲಕ್ಕೆ ಎಳೆಯಿರಿ. ಕ್ಲಿಪ್ಪಿನ ತುದಿ ಎಲ್ಲಾದರೂ ಗಕ್ಕನೆ ತಡೆದರೆ ಅಲ್ಲಿ ಕುಳಿ ಇದೆ, ಆ ಕೇಸನ್ನು ಜಜ್ಜಿ ಎಸೆಯಿರಿ. ಮೇಜಿನ ಮೇಲೆ ಒಂದು ಸಲಕ್ಕೆ ಒಂದೇ ಮದ್ದಿನ ಡಬ್ಬಿ. ಮದ್ದು ಹಾಕಿದ ಮೇಲೆ ಗುಂಡು ಕೂರಿಸುವ ಮೊದಲು ಎಲ್ಲ ಕೇಸುಗಳ ಬಾಯಿಗೂ ಟಾರ್ಚ್ ಬಿಟ್ಟು ಮದ್ದಿನ ಮಟ್ಟ ಒಂದೇ ಇದೆಯೇ ನೋಡಿ. ಹೊಡೆದ ಮೇಲೆ ರೈಫಲ್ಲಿನ ಹಿಂಬದಿ ಮುಚ್ಚುವ ಬೋಲ್ಟನ್ನು ಎತ್ತಲು ಬಿಗಿಯಾದರೆ, ಪ್ರೈಮರ್ ಚಪ್ಪಟೆಯಾಗಿದ್ದರೆ, ಅಲ್ಲಿಗೇ ನಿಲ್ಲಿಸಿ ಉಳಿದವನ್ನು ಬಿಚ್ಚಿ. ಗುಂಡಿನ ಸೀಸ ಕೈಗೆ ಹತ್ತುತ್ತದೆ, ಪಕ್ಕದಲ್ಲಿ ಮಂಡಕ್ಕಿ ಮಿರ್ಚಿ ಇಟ್ಟುಕೊಂಡು ಕೆಲಸ ಮಾಡುವ ಅಭ್ಯಾಸ ಬೇಡ.

ಮದ್ದನ್ನು ಅದರದೇ ಡಬ್ಬಿಯಲ್ಲಿ, ಗ್ಯಾಸ್ ಒಲೆಯಿಂದಲೂ ದೇವರ ದೀಪದಿಂದಲೂ ದೂರ ಇಡಿ. ಅಪಾರ್ಟ್‌ಮೆಂಟಿನಲ್ಲಿದ್ದರೆ ಬಾಡಿಗೆ ಕರಾರು ಓದಿ, ಬಹಳ ಕಡೆ ಇದಕ್ಕೆ ಅವಕಾಶವಿಲ್ಲ. ಗುಂಡು ತುಂಬಿದ ಬಂದೂಕು 17 ವರ್ಷದೊಳಗಿನ ಮಕ್ಕಳ ಕೈಗೆ ಸಿಗುವಂತೆ ಬಿಟ್ಟರೆ ಟೆಕ್ಸಾಸಿನಲ್ಲಿ ದೊಡ್ಡವರ ಮೇಲೆ ಕೇಸು. ತುಂಬಿದ ಕಾಡತೂಸನ್ನು ಗೆಳೆಯರಿಗೆ ಉಡುಗೊರೆ ಕೊಡುವುದೂ ಬೇಡ, ನಿಮ್ಮ ರೈಫಲ್ಲಿಗೆ ಹೊಂದಿದ್ದು ಅವರದಕ್ಕೆ ಹೊಂದಬೇಕೆಂದಿಲ್ಲ.

ಕೊನೆಗೆ, ಊರಿಗೆ ಹೊರಡುವಾಗ. ಕೃಷ್ಣಮೃಗದ ಕೊಂಬು, ಚರ್ಮ ಭಾರತಕ್ಕೆ ತರಬೇಡಿ. ಟೆಕ್ಸಾಸಿನ ರಸೀದಿ ತೋರಿಸಿದರೂ ಅರಣ್ಯ ಇಲಾಖೆಯ ಕೇಸು ತಪ್ಪದು. ಬೇಟೆಗೆ ಒಯ್ದ ಬ್ಯಾಗನ್ನು ಪ್ರಯಾಣಕ್ಕೆ ಬಳಸಲೇಬೇಡಿ. ಪಕ್ಕದ ಜೇಬಿನಲ್ಲಿ ಮರೆತ ಒಂದೇ ಒಂದು ಕಾಡತೂಸು ಶಂಷಾಬಾದಿನಲ್ಲೋ ದೇವನಹಳ್ಳಿಯಲ್ಲೋ ವಿಮಾನ ನಿಲ್ದಾಣದ ಎಕ್ಸ್‌ರೇಗೆ ಬಿದ್ದರೆ 1959ರ ಶಸ್ತ್ರಾಸ್ತ್ರ ಕಾಯ್ದೆಯಡಿ ಎಫ್‌ಐಆರ್ ಆಗುತ್ತದೆ, ರಜೆಯೆಲ್ಲ ವಕೀಲರ ಬಳಿ ಅಲೆಯುವುದರಲ್ಲೇ ಮುಗಿಯುತ್ತದೆ. ಬೇಟೆಯ ಬ್ಯಾಗಿಗೆ ಬೇರೆ ಬಣ್ಣದ್ದು ಕೊಂಡು, ಬೀರುವಿನ ಒಳಗೇ ಇಡಿ.